ಅಂಗಳ, ಕಣ, ಗಾಯರಾಣ: ಹಾವೇರಿ ಸೀಮೆಯ ಬಯಲುವಾಚಕ ಪದಗಳಲ್ಲಿ ಹಕ್ಕಿನ ಕಲ್ಪನೆ

ಪೀಠಿಕೆ

ಮನೆಯ ಗೋಡೆಯಿಂದ ಹೊಲದ ಬದುವಿನವರೆಗೆ ಹರಡಿರುವ ತೆರೆದ ನೆಲಕ್ಕೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಅಂಗಳ, ಕಟ್ಟಿ, ಹಿತ್ತಲ, ಕಣ, ಬಣವಿ, ತಿಪ್ಪಿ, ಪಾದಗಟ್ಟಿ, ಬಯಲು, ಮಡ್ಡಿ, ಗಾಯರಾಣ ಮುಂತಾದ ಪದಗಳು ಇಂದಿಗೂ ಕೇಳಿಬರುತ್ತವೆ. ಇವುಗಳಲ್ಲಿ ಹಲವನ್ನು ನಿಘಂಟುಗಳು ದಾಖಲಿಸಿವೆ. ಆದರೆ ಅವುಗಳ ಅರ್ಥವನ್ನು ಸಾಮಾನ್ಯವಾಗಿ ‘ಮನೆಯ ಮುಂದಿನ ಜಾಗ’, ‘ಮನೆಯ ಹಿಂದಿನ ಜಾಗ’, ‘ಕಾಳು ಒಕ್ಕುವ ಜಾಗ’ ಎಂದು ಸ್ಥಳಸೂಚಕವಾಗಿಯೇ ಹೇಳಲಾಗಿದೆ. ಈ ಪದಗಳು ಸ್ಥಳವನ್ನಷ್ಟೇ ಅಲ್ಲದೆ, ಆ ಸ್ಥಳವನ್ನು ಯಾರು, ಯಾವಾಗ, ಯಾವ ಕೆಲಸಕ್ಕೆ ಬಳಸಬಹುದು ಎಂಬುದನ್ನೂ ಹೇಳುತ್ತವೆ. ಅಂದರೆ ಇವು ಸ್ಥಳವಾಚಕಗಳಾಗಿರುವಂತೆಯೇ ಹಕ್ಕುವಾಚಕಗಳೂ ಹೌದು. ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಯನ್ನು ನಡುವಾಗಿಟ್ಟುಕೊಂಡ ಈ ಸೀಮೆಯ ಆಡುಮಾತನ್ನು ಆಧರಿಸಿ ಈ ಅಂಶವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡಿತು. 1956ರವರೆಗೆ ಈ ಪ್ರದೇಶ ಮುಂಬಯಿ ಆಡಳಿತದಲ್ಲಿತ್ತು. ಆದ್ದರಿಂದ ಇಲ್ಲಿ ನೆಲಕ್ಕೆ ಸಂಬಂಧಿಸಿದ ಪದಗಳು ಎರಡು ಮೂಲಗಳಿಂದ ಬಂದಿವೆ. ಮೊದಲನೆಯದು ಮನೆ ಮತ್ತು ಒಕ್ಕಲುತನದ ಕನ್ನಡ. ಎರಡನೆಯದು ಮರಾಠಿ, ಫಾರಸಿ ಪದಗಳು ಬೆರೆತ ಕಂದಾಯ ಇಲಾಖೆಯ ಭಾಷೆ. ಇವೆರಡರ ನಡುವಿನ ಅಂತರವೇ ಈ ಚರ್ಚೆಯ ಕೇಂದ್ರ.

ಮನೆಯಂಚಿನ ಪದಗಳು

‘ಅಂಗಳ’ವು ಸಂಸ್ಕೃತದ ‘ಅಂಗಣ’ದ ತದ್ಭವ. ಈ ಸೀಮೆಯಲ್ಲಿ ಅಂಗಳದ ಎಲ್ಲೆಯನ್ನು ಗೋಡೆಗಿಂತ ಹೆಚ್ಚಾಗಿ ಒಂದು ಕ್ರಿಯೆ ನಿರ್ಧರಿಸುತ್ತದೆ. ಬೆಳಗಿನ ಹೊತ್ತು ಹೆಣ್ಣುಮಕ್ಕಳು ಬಾಗಿಲ ಮುಂದೆ ನೀರು ಚಿಮುಕಿಸುವುದನ್ನು ‘ಥಳಿ ಹೊಡಿ’ ಎನ್ನುತ್ತಾರೆ. ಕಸ ಹೊಡೆದು, ಥಳಿ ಹೊಡೆದು, ರಂಗೋಲಿ ಹಾಕಿದಷ್ಟು ನೆಲ ಆ ಮನೆಯ ಅಂಗಳ. ಆ ನೆಲದ ಒಂದು ಭಾಗ ಓಣಿಯ ದಾರಿಯೇ ಆಗಿರಬಹುದು. ಅಲ್ಲಿ ನಡೆದುಹೋಗುವವರನ್ನು, ದನಗಳನ್ನು ಯಾರೂ ತಡೆಯುವುದಿಲ್ಲ. ಹೀಗೆ ಒಂದೇ ನೆಲ ದುಡಿಮೆಯಿಂದ ಮನೆಯದಾಗಿಯೂ ನಡಿಗೆಯಿಂದ ಊರಿನದಾಗಿಯೂ ಇರುತ್ತದೆ. ಮನೆಯ ಮುಂಗಟ್ಟೆಗೂ ಇದೇ ಗುಣವಿದೆ. ಶಿಷ್ಟಭಾಷೆಯ ‘ಕಟ್ಟೆ’ ಇಲ್ಲಿ ‘ಕಟ್ಟಿ’. ಮನೆ, ಬಣವೆ, ತಿಪ್ಪೆಗಳು ಮನಿ, ಬಣವಿ, ತಿಪ್ಪಿಗಳಾಗುವ ಧ್ವನಿನಿಯಮವೇ ಇಲ್ಲಿಯೂ ಇದೆ. ಕಟ್ಟಿಯನ್ನು ಕಟ್ಟಿಸಿದವರು ಮನೆಯವರಾದರೂ ಅಲ್ಲಿ ಕೂಡ್ರುವುದಕ್ಕೆ ದಾರಿಹೋಕರು ಅನುಮತಿ ಕೇಳುವ ಪದ್ಧತಿಯಿಲ್ಲ.

‘ಹಿತ್ತಲ’ದ ಸ್ವರೂಪ ಬೇರೆ. ಹಳಗನ್ನಡದಲ್ಲಿ ಪಕಾರಾದಿಯಾಗಿದ್ದ ಈ ಪದ ‘ಹಿಂದೆ’ ಎಂಬ ಅರ್ಥದ ಮೂಲರೂಪಕ್ಕೆ ಸಂಬಂಧಿಸಿದ್ದು. ಹಿತ್ತಲಕ್ಕೂ ತೋಟಕ್ಕೂ ಇರುವ ವ್ಯತ್ಯಾಸ ಗಮನಾರ್ಹ. ತೋಟಕ್ಕೆ ಬಾವಿಯ ಅಥವಾ ಕಾಲುವೆಯ ನೀರು ಬೇಕು. ಸವಣೂರಿನ ಪ್ರಸಿದ್ಧ ವೀಳ್ಯದೆಲೆಯ ಬಳ್ಳಿ ಬೆಳೆಯುವುದು ತೋಟದಲ್ಲಿ. ದೇವಾಲಯಗಳಿಗೆ ದತ್ತಿಯಾಗಿ ಬಿಟ್ಟ ‘ಪೂದೋಂಟ’ಗಳ ಉಲ್ಲೇಖ ಶಾಸನಗಳಲ್ಲಿ ಮತ್ತೆಮತ್ತೆ ಬರುತ್ತದೆ, ‘ತೋಂಟ’ವೇ ಇಂದಿನ ತೋಟ. ಹಿತ್ತಲವಾದರೋ ಬಚ್ಚಲ ನೀರಿನಿಂದ ಬದುಕುವ ನೆಲ. ನುಗ್ಗಿ, ಕರಿಬೇವು, ಬಾಳಿ, ಹೀರಿಬಳ್ಳಿ, ದೊಡ್ಡಪತ್ರಿಗಳು ಮನೆಯ ಬಳಕೆಯಿಂದ ಉಳಿದ ನೀರನ್ನೇ ಕುಡಿದು ಬೆಳೆಯುತ್ತವೆ. ತೋಟ ಆಸ್ತಿಯ ಲೆಕ್ಕಕ್ಕೆ ಸೇರಿದರೆ ಹಿತ್ತಲ ಅಡುಗೆಯ ಲೆಕ್ಕಕ್ಕೆ ಸೇರುತ್ತದೆ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಿತ್ಯದ ಬಳಕೆಯ ವಸ್ತುವಿನ ಬಗೆಗಿರುವ ಅಸಡ್ಡೆಯನ್ನು ಸೂಚಿಸುವಂತೆಯೇ ಹಿತ್ತಲದಲ್ಲಿ ಮದ್ದಿನ ಗಿಡ ಇರುತ್ತಿತ್ತು ಎಂಬುದಕ್ಕೂ ಸಾಕ್ಷಿಯಾಗಿದೆ. ಅಂಗಳ ಎಲ್ಲರ ಕಣ್ಣಿಗೆ ತೆರೆದ ನೆಲವಾದರೆ ಹಿತ್ತಲ ಬಹುಮಟ್ಟಿಗೆ ಹೆಂಗಸರ ನಿರ್ವಹಣೆಗೆ ಒಳಪಟ್ಟ, ಗಂಡಸರ ಲೆಕ್ಕದ ಪುಸ್ತಕಕ್ಕೆ ಬಾರದ ನೆಲ.

ಸರದಿಯ ನೆಲ: ಕಣ, ಬಣವಿ, ತಿಪ್ಪಿ

ಮನೆಗೂ ಹೊಲಕ್ಕೂ ನಡುವೆ, ಊರ ಅಂಚಿನಲ್ಲಿ, ಸುಗ್ಗಿಯ ಕಾಲಕ್ಕೆ ಅರ್ಥ ಪಡೆಯುವ ನೆಲವೊಂದಿದೆ. ಅದರ ಮುಖ್ಯ ಪದ ‘ಕಣ’. ತಮಿಳಿನ ‘ಕಳಂ’ ಇದರ ಜ್ಞಾತಿಪದ. ಹಳಗನ್ನಡದ ‘ಕಳ’ಕ್ಕೆ ಒಕ್ಕುವ ನೆಲ ಎಂಬ ಅರ್ಥದ ಜೊತೆಗೆ ರಣಭೂಮಿ ಎಂಬ ಅರ್ಥವೂ ಇದೆ. ಈ ಪದದೊಡನೆ ಬರುವ ಕ್ರಿಯಾಪದ ಇಲ್ಲಿ ಮುಖ್ಯ. ಕಣವನ್ನು ‘ಮಾಡುತ್ತಾರೆ’. ನೆಲವನ್ನು ಕೆತ್ತಿ, ನೀರು ಹಾಕಿ, ಬಡಿದು, ಸಗಣಿ ಸಾರಿಸಿ, ನಡುವೆ ಮೇಟಿ ನಿಲ್ಲಿಸಿದಾಗ ಅದು ಕಣವಾಗುತ್ತದೆ. ರಾಶಿ ಮುಗಿದು ಕಾಳು ಮನೆ ಸೇರಿದ ಮೇಲೆ ಅದೇ ನೆಲದಲ್ಲಿ ದನ ಮೇಯುತ್ತವೆ, ಹುಡುಗರು ಆಡುತ್ತಾರೆ. ಆದ್ದರಿಂದ ಕಣವೆಂಬುದು ಸ್ಥಿರವಾದ ಜಾಗದ ಹೆಸರಾಗಿರುವುದಕ್ಕಿಂತ ಹೆಚ್ಚಾಗಿ ಒಂದು ಋತುವಿನ ಬಳಕೆಯ ಹೆಸರು. ಬ್ಯಾಡಗಿ ಸೀಮೆಯಲ್ಲಿ ಕೆಂಪು ಮೆಣಸಿನಕಾಯಿಯನ್ನು ಬಿಸಿಲಿಗೆ ಹರವಿ ಒಣಗಿಸುವ ನೆಲಕ್ಕೂ ಕಣವೆಂಬ ಹೆಸರೇ ಸಲ್ಲುತ್ತದೆ. ಹಾಗೆಯೇ ‘ಬಣವಿ’ಯನ್ನು ಒಟ್ಟುತ್ತಾರೆ, ‘ತಿಪ್ಪಿ’ಯನ್ನು ಹಾಕುತ್ತಾರೆ. ಇಂತಹ ಮನೆತನದವರ ತಿಪ್ಪಿ ಇಂತಲ್ಲಿ ಎಂಬುದು ತಲೆಮಾರುಗಳ ರೂಢಿಯಿಂದ ಗೊತ್ತಾಗಿರುತ್ತದೆ. ಅದಕ್ಕೆ ಕಾಗದಪತ್ರ ಇರುವುದು ವಿರಳ.

ಕಣಕ್ಕೆ ಇನ್ನೊಂದು ಆಯಾಮವೂ ಇದೆ. ಬಡಿಗೇರ, ಕಮ್ಮಾರ, ಅಗಸ ಮೊದಲಾದ ಆಯಗಾರರು ವರ್ಷದ ದುಡಿಮೆಯ ಪ್ರತಿಫಲವಾಗಿ ‘ಆಯ’ದ ಕಾಳನ್ನು ಪಡೆಯುತ್ತಿದ್ದುದು ಕಣದಲ್ಲಿ. ಬೆಳೆ ಕೊಯ್ದ ಹೊಲದಲ್ಲಿ ಉದುರಿದ ತೆನೆ ಆಯುವುದಕ್ಕೆ ‘ಹಕ್ಕಲಾಯುವುದು’ ಎಂಬ ಪದವೇ ಇದೆ. ಆ ಪದ ಇರುವುದು ಹೊಲವಿಲ್ಲದವರಿಗೂ ಕೊಯ್ಲಿನ ನಂತರದ ಹೊಲದ ಮೇಲೆ ಒಂದು ಅಲಿಖಿತ ಪಾಲು ಇತ್ತೆಂಬುದರ ಗುರುತು. ಆದರೆ ಈ ವ್ಯವಸ್ಥೆಯನ್ನು ಸಮಾನತೆಯ ಮಾದರಿ ಎಂದು ಭಾವಿಸುವಂತಿಲ್ಲ. ಆಯದ ಪ್ರಮಾಣ ಜಾತಿಶ್ರೇಣಿಗೆ ಅನುಗುಣವಾಗಿತ್ತು; ಕೆಲವರು ಕಣದೊಳಗೆ ಕಾಲಿಡದೆ ಅಂಚಿನಲ್ಲಿ ನಿಂತೇ ಸೆರಗೊಡ್ಡಬೇಕಾಗಿತ್ತು. ಕಟ್ಟಿಯ ಮೇಲೆ ಕೂಡ್ರುವ ಸ್ವಾತಂತ್ರ್ಯವೂ ಎಲ್ಲ ಕೇರಿಯವರಿಗೆ ಒಂದೇ ತೆರನಾಗಿರಲಿಲ್ಲ. ಈ ಪದಗಳಲ್ಲಿ ಹಕ್ಕಿನಂತೆಯೇ ಹೊರಗಿಡುವಿಕೆಯೂ ಅಡಗಿದೆ ಎಂಬುದನ್ನು ಅಧ್ಯಯನಕಾರರು ಮರೆಯಬಾರದು.

ಒಕ್ಕುವ ಯಂತ್ರಗಳು ಬಂದ ಮೇಲೆ ಮೇಟಿ, ಹಂತಿ ಮೊದಲಾದ ಪದಗಳು ಬಳಕೆಯಿಂದ ಹಿಂದೆ ಸರಿದಿವೆ. ಹಂತಿಯ ಹಾಡುಗಳು ಜಾನಪದ ಸಂಕಲನಗಳಲ್ಲಿ ಉಳಿದಿವೆ. ಗೋವಿನಜೋಳವನ್ನು ಡಾಂಬರು ರಸ್ತೆಯ ಮೇಲೆ ಹರವುವ ದೃಶ್ಯ ಸುಗ್ಗಿಯಲ್ಲಿ ಸಾಮಾನ್ಯವಾಗಿದೆ. ಕಣ ಎಂಬ ನೆಲ ಕಡಿಮೆಯಾಗುತ್ತ ಹೋದರೂ ‘ಚುನಾವಣಾ ಕಣ’ವಾಗಿ ಪದ ಮಾತ್ರ ಪತ್ರಿಕೆಗಳಲ್ಲಿ ನಿತ್ಯ ಕಾಣಿಸಿಕೊಳ್ಳುತ್ತದೆ.

ಊರ ನೆಲ

ಮನೆತನಗಳ ಸರದಿಯನ್ನೂ ಮೀರಿದ, ಇಡೀ ಊರಿಗೆ ಸಲ್ಲುವ ನೆಲದ ಪದಗಳು ಮೂರನೆಯ ಗುಂಪು. ಅಗಸಿ ಊರಿನ ಬಾಗಿಲು. ಪಾದಗಟ್ಟಿ ಗ್ರಾಮದೇವತೆಗೆ ಸೇರಿದ ಕಟ್ಟೆ. ಅದರ ಸುತ್ತಲ ನೆಲ ಜಾತ್ರೆಯಲ್ಲಿ ದೇವತೆಯದು, ಉಳಿದ ದಿನ ಊರಿನದು. ಗಡಸು ನೆಲದ ಎತ್ತರದ ಪ್ರದೇಶ ಮಡ್ಡಿ. ಇವೆಲ್ಲಕ್ಕೂ ಸಾಮಾನ್ಯವಾದ ಪದ ‘ಬಯಲು’.

ಬಯಲು ಪದದ ಅರ್ಥಚರಿತ್ರೆ ಕುತೂಹಲಕರ. ವಚನಗಳಲ್ಲಿ ಅದು ಅನುಭಾವದ ಅತ್ಯುನ್ನತ ಸ್ಥಿತಿಯನ್ನು ಸೂಚಿಸುವ ಪಾರಿಭಾಷಿಕ ಪದ. ಜನಪದ ರಂಗಭೂಮಿಯಲ್ಲಿ ‘ಬಯಲಾಟ’ವು ಊರವರೆಲ್ಲ ಕೂಡಿ ನೋಡುವ ಆಟ. ಭೂಗೋಳದಲ್ಲಿ ‘ಬಯಲುಸೀಮೆ’. 2014ರಲ್ಲಿ ಸ್ವಚ್ಛ ಭಾರತ ಅಭಿಯಾನ ಆರಂಭವಾದ ಮೇಲೆ ‘ಬಯಲು ಶೌಚ’, ‘ಬಯಲು ಶೌಚಮುಕ್ತ’ ಎಂಬ ಪದಪುಂಜಗಳು ಊರೂರಿನ ಗೋಡೆಬರಹಗಳಲ್ಲಿ ಕಾಣಿಸಿಕೊಂಡವು. ಆರೋಗ್ಯದ ದೃಷ್ಟಿಯಿಂದ ಅಭಿಯಾನದ ಅಗತ್ಯ ನಿರ್ವಿವಾದ. ಆದರೆ ಅರ್ಥವಿಜ್ಞಾನದ ದೃಷ್ಟಿಯಿಂದ ನೋಡಿದರೆ, ಊರು ಕೂಡುವ ನೆಲದ ಹೆಸರಿಗೆ ಅವಮಾನದ ಛಾಯೆಯೊಂದು ಅಂಟಿಕೊಂಡಿತು.

ದಾಖಲೆಯ ಪದಗಳು

ಆಡುಮಾತಿನ ಈ ವೈವಿಧ್ಯದ ಪಕ್ಕದಲ್ಲಿ ದಾಖಲೆಯ ಪದಗಳನ್ನಿಟ್ಟು ನೋಡಬೇಕು. ಊರಿನ ವಸತಿ ನೆಲ ‘ಗಾವಠಾಣ’ ಅಥವಾ ‘ಗ್ರಾಮಠಾಣ’. ದನ ಮೇಯುವ ನೆಲ ‘ಗಾಯರಾಣ’. ಎರಡೂ ಮರಾಠಿಯ ಮೂಲಕ ಬಂದವು. ಹಳೆಯ ಮೈಸೂರಿನಲ್ಲಿ ‘ಗೋಮಾಳ’ ಎನ್ನುವುದನ್ನೇ ಇಲ್ಲಿ ಗಾಯರಾಣ ಎನ್ನುತ್ತಾರೆ. ಈ ಪದ ಪರಭಾಷೆಯದಾದರೂ ಜನರ ಬಾಯಲ್ಲಿ ನೆಲೆಸಿದೆ, ಏಕೆಂದರೆ ಅದು ಬಳಕೆಯನ್ನು ಹೇಳುತ್ತದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 71ನೆಯ ಕಲಮು ಇಂಥ ಉದ್ದೇಶಗಳಿಗೆ ನೆಲ ಕಾಯ್ದಿರಿಸಲು ಅವಕಾಶ ಕೊಡುತ್ತದೆ. 1966ರ ನಿಯಮಗಳ 97ನೆಯ ನಿಯಮ ನೂರು ಜಾನುವಾರುಗಳಿಗೆ 12 ಹೆಕ್ಟೇರಿನ ಪ್ರಮಾಣವನ್ನು ನಿಗದಿಪಡಿಸಿದೆ.

‘ಖರಾಬು’ ಎಂಬುದರ ಮೂಲಾರ್ಥ ‘ಕೆಟ್ಟದ್ದು’. ಕಂದಾಯ ಬಾರದ ನೆಲ ಕೆಟ್ಟ ನೆಲ ಎಂಬ ಆಡಳಿತದ ದೃಷ್ಟಿ ಪದದಲ್ಲೇ ಇದೆ. ಅದೇ ನಿಯಮಗಳ 21ನೆಯ ನಿಯಮದಲ್ಲಿ ಖರಾಬನ್ನು ಎರಡಾಗಿ ವಿಂಗಡಿಸಲಾಗಿದೆ. ಹಿಡುವಳಿದಾರನ ಸ್ವಂತ ಕಣ ‘ಎ’ ಖರಾಬಿನಲ್ಲಿ ಸೇರುತ್ತದೆ. ಸಾರ್ವಜನಿಕವಾದ ‘ಬಿ’ ಖರಾಬಿನ ವಿವರಣೆಯಲ್ಲಿ ರಸ್ತೆ, ಕಾಲುದಾರಿ, ಕೆರೆ, ಹಳ್ಳ, ಸ್ಮಶಾನ, ಕುಂಬಾರಿಕೆಯ ನೆಲಗಳು ಹೆಸರಿಸಲ್ಪಟ್ಟಿವೆ; ಹಲವರು ಸರದಿಯಿಂದ ಬಳಸುವ ಕಣಕ್ಕೆ ಅಲ್ಲಿ ಪ್ರತ್ಯೇಕ ಹೆಸರಿಲ್ಲ. ಅಧಿನಿಯಮದ 79ನೆಯ ಕಲಮು ದಕ್ಷಿಣ ಕನ್ನಡದ ಕುಮ್ಕಿ, ಕಾನೆ, ಬಾಣೆ, ಉತ್ತರ ಕನ್ನಡದ ಬೆಟ್ಟ, ಹಾಡಿ, ಮೈಸೂರು ಪ್ರದೇಶದ ಕಾನು, ಸೊಪ್ಪಿನಬೆಟ್ಟ, ಕೊಡಗಿನ ಜಮ್ಮಾ, ಬಾಣೆಗಳನ್ನು ಹೆಸರು ಹೇಳಿ ಅಲ್ಲಿನ ರೂಢಿಯ ಸವಲತ್ತುಗಳನ್ನು ಉಳಿಸಿದೆ. ಕರಾವಳಿ ಮತ್ತು ಮಲೆನಾಡಿನ ಪದಗಳು ಕಾನೂನಿನ ಪುಟ ಸೇರಿದವು. ಬಯಲುಸೀಮೆಯ ಕಣ, ತಿಪ್ಪಿ, ಬಣವಿಗಳು ಸೇರಲಿಲ್ಲ.

ಅದರ ಪರಿಣಾಮವನ್ನು ಇನ್ನೊಂದು ಪದದಲ್ಲಿ ಕಾಣಬಹುದು. ಅದು ‘ಖುಲ್ಲಾ ಜಾಗೆ’. ಉತ್ತರ ಕರ್ನಾಟಕದ ಸ್ಥಳೀಯ ಆಡಳಿತದ ಮತ್ತು ಖರೀದಿಪತ್ರಗಳ ಭಾಷೆಯಲ್ಲಿ ಕಟ್ಟಡವಿಲ್ಲದ ನೆಲಕ್ಕೆಲ್ಲ ಇದೊಂದೇ ಹೆಸರು. ಹಿತ್ತಲವೂ ಖುಲ್ಲಾ ಜಾಗೆ, ಬಣವಿಯ ನೆಲವೂ ಖುಲ್ಲಾ ಜಾಗೆ. ಕಣ ಎಂಬ ಪದ ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ಹೇಳಿದರೆ, ಖುಲ್ಲಾ ಜಾಗೆ ಅಲ್ಲಿ ಏನು ಇಲ್ಲ ಎಂಬುದನ್ನು ಮಾತ್ರ ಹೇಳುತ್ತದೆ. ಖಾಲಿ ಎಂದು ಹೆಸರಿಸಿದ ನೆಲ ತುಂಬುವವರಿಗಾಗಿ ಕಾಯುತ್ತಿರುವ ನೆಲವಾಗಿ ತೋರುತ್ತದೆ.

ಕುಸನೂರಿನ ನಿದರ್ಶನ

ಹೆಸರು ಬದಲಾದಾಗ ಹಕ್ಕೂ ಅಲುಗಾಡುತ್ತದೆ ಎಂಬುದಕ್ಕೆ ಈ ಜಿಲ್ಲೆಯಲ್ಲೇ ಐತಿಹಾಸಿಕ ನಿದರ್ಶನವಿದೆ. 1984ರಲ್ಲಿ ಸರಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸಹಭಾಗಿತ್ವದಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸ್ಥಾಪನೆಯಾಯಿತು. ನೀಲಗಿರಿ ಮೊದಲಾದ ಗಿಡ ಬೆಳೆಸಲು ಅದಕ್ಕೆ ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸುಮಾರು 75,000 ಎಕರೆ ‘ಸಿ’ ಮತ್ತು ‘ಡಿ’ ದರ್ಜೆಯ ಭೂಮಿಯನ್ನು ಕೊಡುವ ಯೋಜನೆ ರೂಪುಗೊಂಡಿತು. ರಾಷ್ಟ್ರೀಯ ಪಾಳುಭೂಮಿ ಅಭಿವೃದ್ಧಿ ಮಂಡಳಿ ಸ್ಥಾಪನೆಯಾದದ್ದು 1985ರಲ್ಲಿ. ಆ ಕಾಲದ ಆಡಳಿತದ ಭಾಷೆಯಲ್ಲಿ ಇಂಥ ನೆಲ ‘ಪಾಳು’. ಊರವರ ಭಾಷೆಯಲ್ಲಿ ಅದು ದನ ಮೇಯುವ, ಸೌದೆ, ಸೊಪ್ಪು, ಹುಲ್ಲು ತರುವ ನೆಲ. ಒಕ್ಕಲುತನದ ಮಾತಿನಲ್ಲಿ ‘ಬೀಳು’ ಎಂದರೂ ಅದು ದಣಿವಾರಿಸಿಕೊಳ್ಳಲು ಬಿಟ್ಟ ಹೊಲ. ಯಾರಿಗೂ ಬೇಡವಾದ ನೆಲವಲ್ಲ.

ಸಮಾಜ ಪರಿವರ್ತನ ಸಮುದಾಯವು ಎಸ್.ಆರ್. ಹಿರೇಮಠರ ನೇತೃತ್ವದಲ್ಲಿ ಇದನ್ನು ವಿರೋಧಿಸಿತು. ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯಲ್ಲಿ ಶಿವರಾಮ ಕಾರಂತರೂ ಪಾಲುಗೊಂಡಿದ್ದರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ಇದು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವೆಂದು ಪ್ರಸಿದ್ಧವಾಯಿತು. 1991ರಲ್ಲಿ ಸರಕಾರ ಆ ಸಂಸ್ಥೆಯನ್ನು ಮುಚ್ಚಲು ನಿರ್ಧರಿಸಿತು. ‘ಹಚ್ಚು’ ಎಂಬುದು ಈ ಸೀಮೆಯಲ್ಲಿ ಸಸಿ ನೆಡುವುದಕ್ಕೆ ಸಲ್ಲುವ ಕ್ರಿಯಾಪದ. ಚಳವಳಿಯ ಹೆಸರೇ ಆಡುಮಾತಿನ ಎರಡು ಕ್ರಿಯಾಪದಗಳಿಂದಾಗಿರುವುದು ಆಕಸ್ಮಿಕವೆನಿಸುವುದಿಲ್ಲ. ‘ಪಾಳು’ ಎಂಬ ವರ್ಗೀಕರಣಕ್ಕೆ ಜನರು ಬಳಕೆಯ ಭಾಷೆಯಲ್ಲಿ ಉತ್ತರ ಕೊಟ್ಟರು.

ಅಳತೆಯ ಕಾಲ ಮತ್ತು ನಿಘಂಟಿನ ಹೊಣೆ

ಗಾಯರಾಣದ ಪ್ರಶ್ನೆ ನ್ಯಾಯಾಲಯದ ಮುಂದೆ ಬಂದಿದೆ. ಊರೊಳಗಿನ ನೆಲದ ಪ್ರಶ್ನೆ ಈಗ ಮುಂದೆ ಬರುತ್ತಿದೆ. 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯ ಪ್ರಾಯೋಗಿಕ ಹಂತದಲ್ಲಿ ಕರ್ನಾಟಕವೂ ಸೇರಿತ್ತು. ಇದರಲ್ಲಿ ಆಸ್ತಿಗಳ ಗಡಿಗೆ ಸುಣ್ಣದ ಗೆರೆ ಎಳೆದು, ಡ್ರೋನ್‌ನಿಂದ ಗ್ರಾಮಠಾಣದ ಚಿತ್ರ ತೆಗೆದು, ಆಸ್ತಿಪತ್ರ ನೀಡಲಾಗುತ್ತದೆ. ಮನೆಗೆ ದಾಖಲೆಯಿಲ್ಲದ ಬಡವರಿಗೆ ಇದು ಉಪಕಾರಿ. ಆದರೆ ಸುಣ್ಣದ ಗೆರೆಗೆ ಎರಡೇ ಬದಿ. ಥಳಿ ಹೊಡೆದ ಅಂಗಳ, ಸರದಿಯ ಕಣ, ರೂಢಿಯ ತಿಪ್ಪಿಗಳು ಯಾವ ಬದಿಗೆ ಸೇರಬೇಕೆಂಬುದನ್ನು ಆಕಾಶದಿಂದ ತೆಗೆದ ಚಿತ್ರ ಹೇಳಲಾರದು. ಅದನ್ನು ಹೇಳಬಲ್ಲದ್ದು ಪದ.

ಜಗಪಾಲ ಸಿಂಗ್ ಪ್ರಕರಣದಲ್ಲಿ 2011ರ ಜನವರಿ 28ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ಊರೊಟ್ಟಿನ ನೆಲದ ಒತ್ತುವರಿಯನ್ನು ತೆರವುಗೊಳಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಅದರಲ್ಲಿ ಇಂಥ ನೆಲದ ದೇಶೀ ಹೆಸರುಗಳಾಗಿ ಪಂಜಾಬಿನ ಶಾಮಲಾತ್ ದೇಹ್, ದಕ್ಷಿಣದ ಮಂದವೇಲಿ, ಪೊರಂಬೋಕು, ಕಳಂ ಮೊದಲಾದವು ಉಲ್ಲೇಖಗೊಂಡಿವೆ. ‘ಕಳಂ’ ಅಲ್ಲಿ ಊರೊಟ್ಟಿನ ನೆಲದ ಹೆಸರಾಗಿ ಮಾನ್ಯವಾಗಿರುವಾಗ ಅದರ ಜ್ಞಾತಿಪದವಾದ ‘ಕಣ’ಕ್ಕೂ ಆ ಅರ್ಥವಿದೆಯೆಂದು ತೋರಿಸಿಕೊಡುವುದು ಕನ್ನಡ ವಿದ್ವತ್ತಿನ ಕೆಲಸ.

ಸಮಾರೋಪ

ಈ ವಿವೇಚನೆಯಿಂದ ಕೋಶರಚನೆಗೆ ಅನ್ವಯಿಸುವ ಒಂದು ಸೂಚನೆ ಹೊರಡುತ್ತದೆ. ಬಯಲುವಾಚಕ ಪದಗಳನ್ನು ದಾಖಲಿಸುವಾಗ ನಾಮಪದದ ಅರ್ಥಕ್ಕೆ ನಿಲ್ಲದೆ ನಾಲ್ಕು ಸಂಗತಿಗಳನ್ನು ಸೇರಿಸಬೇಕು: ಪದದೊಡನೆ ಬರುವ ಕ್ರಿಯಾಪದ, ಬಳಕೆಯ ಋತು, ಬಳಸುವವರು, ಹೊರಗುಳಿದವರು. 1894ರ ಕಿಟ್ಟೆಲ್ ಕೋಶದಿಂದ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನವರೆಗೆ ಕನ್ನಡದ ಕೋಶಪರಂಪರೆ ಸಮೃದ್ಧವಾಗಿದೆ. ಅದರ ಮುಂದುವರಿಕೆಯಾಗಿ ತಾಲ್ಲೂಕುವಾರು ನೆಲದ ಪದಕೋಶಗಳು ಸಿದ್ಧವಾಗಬೇಕಾಗಿದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿರುವುದರಿಂದ ಈ ಕೆಲಸಕ್ಕೆ ಹಲಗೇರಿಯಂಥ ಊರುಗಳು ದೂರದವೇನಲ್ಲ. ಮೇಟಿ ನಿಲ್ಲಿಸಿ ಕಣ ಮಾಡಿದ ಕೈಗಳು, ಹಿತ್ತಲಕ್ಕೆ ಬಚ್ಚಲ ನೀರು ತಿರುವಿದ ಕೈಗಳು ಇನ್ನೂ ಊರಿನಲ್ಲಿವೆ. ಗೆರೆ ಎಳೆಯುವ ಮೊದಲು ಅವರನ್ನು ಕೇಳಿ ಬರೆದುಕೊಂಡರೆ, ಆ ನೆಲ ದಾಖಲೆಯಲ್ಲಿ ಖುಲ್ಲಾ ಜಾಗೆಯಾಗಿ ಅಲ್ಲದೆ ತನ್ನ ಹೆಸರಿನಿಂದಲೇ ಉಳಿಯುವುದು ಸಾಧ್ಯ.