ನಾಯಿಮರಿಗೆ ಎಷ್ಟು ಖರ್ಚು ಮಾಡಬಹುದು?

ಶಾಲೆಗಳಿಗೆ ಬೇಸಿಗೆ ರಜೆ ಬಂತೆಂದರೆ ಹಲವು ಮನೆಗಳಲ್ಲಿ ಒಂದೇ ಬೇಡಿಕೆ: ನಮಗೊಂದು ನಾಯಿಮರಿ ಬೇಕು. ಪ್ರಥಮ ಪರಮಪ್ರಸಾದ ಸ್ವೀಕರಿಸುವ ಮಕ್ಕಳಲ್ಲೂ ಕೆಲವರು ಉಡುಗೊರೆಯಾಗಿ ಕೇಳುವುದು ಇದನ್ನೇ. ತಾಯಿ ಬೇಡವೆನ್ನುತ್ತಾಳೆ. ಅಜ್ಜಿ ಮೊಮ್ಮಗುವಿನ ಪರ ವಹಿಸುತ್ತಾಳೆ. ಕೊನೆಗೆ ತಂದೆ ಓದುತ್ತಿದ್ದ ಪತ್ರಿಕೆ ಮಡಚಿಟ್ಟು, "ಎಷ್ಟಾಗುತ್ತದಂತೆ?" ಎಂದು ಕೇಳುತ್ತಾನೆ. ಒಬ್ಬರು ಹದಿನೈದು ಸಾವಿರ ಎನ್ನುತ್ತಾರೆ, ಇನ್ನೊಬ್ಬರು ಇಪ್ಪತ್ತೈದು ಎನ್ನುತ್ತಾರೆ. ಅಲ್ಲಿಂದ ಮುಂದೆ ಎಲ್ಲ ಮಾತೂ ಚೌಕಾಶಿಯದೇ.

ಪ್ರಿಯ ಓದುಗರೇ, ತಂದೆ ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ. ಸಿಕ್ಕ ಉತ್ತರ ಅರೆಬರೆ. ಮರಿಯ ಬೆಲೆ ಒಂದು ದಿನದ ಖರ್ಚು. ನಾಯಿ ಬದುಕುವುದು ಹತ್ತು ಹನ್ನೆರಡು ವರ್ಷ, ಚೆನ್ನಾಗಿ ಸಾಕಿದರೆ ಇನ್ನೂ ಹೆಚ್ಚು. ಐದನೆಯ ತರಗತಿಯ ಹುಡುಗನಿಗೆ ತಂದ ಮರಿ, ಅವನು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಅಂಗಳದಲ್ಲಿರುತ್ತದೆ. ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ, ಗೋಪುರ ಕಟ್ಟಹೊರಟವನು ಮೊದಲು ಕುಳಿತು ಲೆಕ್ಕ ಹಾಕುವ ಮಾತು ಬರುತ್ತದೆ. ಯೇಸುಸ್ವಾಮಿ ಅದನ್ನು ಹೇಳಿದ್ದು ಶಿಷ್ಯರಾಗಬಯಸುವವರಿಗೆ, ನಾಯಿ ಸಾಕುವವರಿಗಲ್ಲ. ಆದರೂ ಕುಳಿತು ಲೆಕ್ಕ ಹಾಕುವ ಅಭ್ಯಾಸ ಮನೆಯ ಸಣ್ಣ ವಿಷಯಗಳಲ್ಲಿ ಇಲ್ಲದಿದ್ದರೆ ದೊಡ್ಡ ವಿಷಯಗಳಲ್ಲಿ ಎಲ್ಲಿಂದ ಬರಬೇಕು?

ಲೆಕ್ಕ ಹಾಕಿ ನೋಡೋಣ

ಒಂದು ಕುಟುಂಬವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ತಿಂಗಳ ವರಮಾನ 40,000 ರೂಪಾಯಿ. 20,000 ರೂಪಾಯಿ ಕೊಟ್ಟು ಲ್ಯಾಬ್ರಡಾರ್ ಮರಿಯೊಂದನ್ನು ತರಬೇಕೆಂದಿದ್ದಾರೆ. ಬೆಳೆದಾಗ ಅದು ಮೂವತ್ತು ಕಿಲೋ ತೂಗುವ ನಾಯಿ. ಅನ್ನ, ಮೊಟ್ಟೆ, ಒಂದಿಷ್ಟು ಮಾಂಸ ಎಂದು ದಿನಕ್ಕೆ 60 ರೂಪಾಯಿ ಇಟ್ಟುಕೊಂಡರೂ ತಿಂಗಳಿಗೆ 1,800. ವರ್ಷದ ಲಸಿಕೆ, ಜಂತುಹುಳದ ಔಷಧಿ, ಉಣ್ಣಿಯ ಔಷಧಿ, ವೈದ್ಯರ ಶುಲ್ಕ ಇವಕ್ಕೆ ತಿಂಗಳಿಗೆ 500 ಎಂದುಕೊಳ್ಳೋಣ. ಎಂದೋ ಒಂದು ದಿನ ಬರುವ ಕಾಯಿಲೆಗೆಂದು ಇನ್ನೊಂದು 500 ತೆಗೆದಿಡಬೇಕು. ಒಟ್ಟು 2,800. ವರ್ಷಕ್ಕೆ 33,600. ಹನ್ನೆರಡು ವರ್ಷಕ್ಕೆ 4,03,200 ರೂಪಾಯಿ!

ಈ ಅಂಕಿಗಳು ನಿಮ್ಮ ಊರಿಗೆ ಸರಿಯಾಗಿ ಹೊಂದಲಾರವು. ನಿಮ್ಮ ಮಾಂಸದಂಗಡಿಯ ಮತ್ತು ಪಶುವೈದ್ಯರ ದರ ಕೇಳಿ ತಿದ್ದಿಕೊಳ್ಳಿ. ಹೇಗೆ ತಿದ್ದಿದರೂ ಒಂದು ವಿಷಯ ಹಾಗೇ ಉಳಿಯುತ್ತದೆ. ನಾವು ಅಷ್ಟೆಲ್ಲ ಚೌಕಾಶಿ ಮಾಡಿದ 20,000, ಒಟ್ಟು ಖರ್ಚಿನಲ್ಲಿ ನೂರಕ್ಕೆ ಐದು ಪಾಲೂ ಇಲ್ಲ. ಆ ಕುಟುಂಬದ ವರ್ಷದ ವರಮಾನದಲ್ಲಿ ನೂರಕ್ಕೆ ಏಳರಷ್ಟು ಪ್ರತಿವರ್ಷವೂ ನಾಯಿಗೆ ಹೋಗುತ್ತದೆ. ಅದು ಹೆಚ್ಚೋ ಕಡಿಮೆಯೋ ಎಂದು ಹೊರಗಿನವರು ಹೇಳುವಂತಿಲ್ಲ. ಸಾಲದ ಕಂತು, ಮಕ್ಕಳ ಶುಲ್ಕ, ಅಜ್ಜನ ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲ ಕಳೆದು ಉಳಿಯುವುದೆಷ್ಟು ಎಂಬುದು ಮನೆಯವರಿಗೇ ಗೊತ್ತು.

ತೀರ್ಮಾನ ಕಷ್ಟವಾದರೆ ಒಂದು ಸುಲಭ ಪರೀಕ್ಷೆಯಿದೆ. ನಾಯಿ ತರುವ ಮುಂಚೆ ಮೂರು ತಿಂಗಳು ಆ 2,800 ರೂಪಾಯಿಯನ್ನು ಬೇರೆ ತೆಗೆದಿಡಿ. ಅದೇ ಮೂರು ತಿಂಗಳು, ನಾಯಿ ಬೇಕೆಂದು ಹಟ ಹಿಡಿದ ಮಗು ಬೆಳಿಗ್ಗೆ ಆರಕ್ಕೆ ಎದ್ದು ಅರ್ಧ ಗಂಟೆ ನಡೆದು ಬರಲಿ. ಮಳೆ ಬಂದರೂ ಸರಿ, ಪರೀಕ್ಷೆ ಇದ್ದರೂ ಸರಿ. ಎರಡನೆಯ ತಿಂಗಳು ಹಣದ ಡಬ್ಬಿಗೆ ಕೈ ಹಾಕಬೇಕಾಗಿ ಬಂದರೆ, ಅಥವಾ ಹುಡುಗ ಹೊದಿಕೆಯಿಂದ ಹೊರಗೆ ಬರದಿದ್ದರೆ, ಯಾರಿಗೂ ನೋವಾಗದಂತೆ ಉತ್ತರ ಸಿಕ್ಕಿತು. ಮೂರು ತಿಂಗಳೂ ನಡೆದರೆ ಡಬ್ಬಿಯಲ್ಲಿ 8,400 ರೂಪಾಯಿ ಇರುತ್ತದೆ. ಮರಿಯ ಮೊದಲ ಲಸಿಕೆಗಳಿಗೆ ಅದೇ ಮೂಲಧನ.

ಈ ಪರೀಕ್ಷೆ ಮಾಡದ ಮನೆಗಳಲ್ಲಿ ಏನಾಗುತ್ತದೆಂಬುದನ್ನು ನಮ್ಮ ಪೇಟೆಗಳ ಹೊರವಲಯದಲ್ಲಿ, ಮೀನು ಮಾರುಕಟ್ಟೆಯ ಹಿಂದೆ ನೋಡಬಹುದು. ಕೊರಳಲ್ಲಿ ಬೆಲ್ಟು ಇನ್ನೂ ಇರುವ, ಮೈಯೆಲ್ಲ ಕಜ್ಜಿಯಾದ ದೊಡ್ಡ ನಾಯಿಗಳು. ಬಾಡಿಗೆ ಮನೆ ಬದಲಾಯಿತು, ಹೊಸ ಮಾಲೀಕರು ಒಪ್ಪಲಿಲ್ಲ; ಮಗು ಹುಟ್ಟಿತು; ವೈದ್ಯರು ದೊಡ್ಡ ಬಿಲ್ಲು ಕೊಟ್ಟರು. ಕಾರಣ ಯಾವುದಾದರೂ ಇರಬಹುದು. ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ಬಿಟ್ಟುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಆ ಕಾಯ್ದೆ ಮೊದಲ ಅಪರಾಧಕ್ಕೆ ಬರೆದಿಟ್ಟ ದಂಡ 10ರಿಂದ 50 ರೂಪಾಯಿ! ದಂಡಕ್ಕೆ ಹೆದರಿ ಯಾರೂ ನಾಯಿಯನ್ನು ಉಳಿಸಿಕೊಳ್ಳಲಾರರು.

ಜಾತಿ ನಾಯಿಯೇ ಬೇಕೇ?

ಜಾತಿ ಎಂಬ ಮಾತು ನಮ್ಮ ಮನೆಗಳಲ್ಲಿ ನಾಯಿಯ ವಿಷಯದಲ್ಲಿ ಮಾತ್ರ ಉಳಿದಿದ್ದರೆ ಸಂತೋಷಪಡಬಹುದಿತ್ತು. ಅದಿರಲಿ. ಜಾತಿ ನಾಯಿಗೆ ಹೆಚ್ಚು ಹಣ ಕೊಟ್ಟರೆ ಹೆಚ್ಚು ಆರೋಗ್ಯವಂತ ನಾಯಿ ಸಿಗುತ್ತದೆಂಬ ನಂಬಿಕೆ ಹಲವರಲ್ಲಿದೆ. ಕೆನಲ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಮರಿಯ ವಂಶಾವಳಿಯನ್ನು ಹೇಳುತ್ತದೆ. ಅದರ ಕರುಳಿನಲ್ಲಿ ಹುಳವಿದೆಯೇ, ಸೊಂಟದ ಕೀಲು ಗಟ್ಟಿಯಿದೆಯೇ ಎಂದು ಹೇಳುವುದಿಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ನಾಯಿಗಳಿಗೆ ಸೊಂಟದ ಕೀಲಿನ ತೊಂದರೆ ವಂಶದಿಂದಲೇ ಬರಬಹುದು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಹಿಂದೆಯೇ ಹೋಗುತ್ತಿದ್ದ ಪಗ್ ನಾಯಿಯನ್ನು ಕಂಡು ಎಷ್ಟೋ ಮನೆಗಳು ಅದನ್ನೇ ತಂದವು. ಚಪ್ಪಟೆ ಮೂಗಿನ ಆ ನಾಯಿಗೆ ನಮ್ಮ ಸೆಕೆಯಲ್ಲಿ ಉಸಿರಾಡುವುದೇ ಕಷ್ಟ. ಹಿಮದ ನಾಡಿನ ಹಸ್ಕಿಯನ್ನು ಕರಾವಳಿಗೆ ತಂದು ಹಗಲೂ ರಾತ್ರಿ ಫ್ಯಾನು ಹಾಕಿ ಕೂಡಿಸುವುದಕ್ಕೆ ಏನೆನ್ನಬೇಕೋ ತಿಳಿಯದು.

ಮರಿ ಕೊಳ್ಳುವುದೇ ಆದರೆ ಎಲ್ಲಿಂದ ಎಂಬುದನ್ನು ನೋಡಬೇಕು. 2017ರಲ್ಲಿ ಕೇಂದ್ರ ಸರಕಾರ ನಾಯಿ ತಳಿ ಬೆಳೆಸುವವರಿಗೆಂದು ನಿಯಮಗಳನ್ನು ಮಾಡಿತು. ಅವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು; ಎಂಟು ವಾರ ತುಂಬದ ಮರಿಯನ್ನು ಮಾರಬಾರದು; ಹೆಣ್ಣುನಾಯಿಯನ್ನು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮರಿ ಹಾಕಿಸಬಾರದು. ಐದು ವಾರದ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, "ಸಾರ್, ನಿಮಗೆಂದು ಎಂಟು ಸಾವಿರಕ್ಕೆ ಕೊಡುತ್ತೇನೆ" ಎನ್ನುವವನಿಂದ ಕೊಂಡವರು, ಪಾರ್ವೊ ರೋಗ ಬಂದು ಮರಿ ರಕ್ತಭೇದಿಯಲ್ಲಿ ಬಿದ್ದಾಗ ಡ್ರಿಪ್ಪಿಗೇ ಅದಕ್ಕಿಂತ ಹೆಚ್ಚು ಕೊಡಬೇಕಾಗಬಹುದು. ತಾಯಿನಾಯಿಯನ್ನು ತೋರಿಸಿ ಎಂದು ಕೇಳಿ. ತೋರಿಸಲು ಹಿಂಜರಿದರೆ ಹಿಂದಿರುಗಿ ಬನ್ನಿ. 2022ರಲ್ಲಿ ಬಂದ '777 ಚಾರ್ಲಿ' ಚಿತ್ರದ ನಾಯಿ ಇಂಥ ನಿರ್ದಯಿ ವ್ಯಾಪಾರಿಯ ಗೂಡಿನಿಂದಲೇ ತಪ್ಪಿಸಿಕೊಂಡು ಬಂದದ್ದು. ಚಿತ್ರ ನೋಡಿ ಅತ್ತ ನಮ್ಮಲ್ಲಿ ಕೆಲವರು ಮರುವಾರವೇ ಅಗ್ಗದ ಲ್ಯಾಬ್ರಡಾರ್ ಹುಡುಕಿಕೊಂಡು ಹೊರಟರೆ, ಕಥೆ ಅರ್ಥವಾಗಲಿಲ್ಲವೆಂದೇ ಹೇಳಬೇಕು.

ನಮ್ಮ ರಾಜ್ಯದ್ದೇ ತಳಿ ಬೇಕೆನ್ನುವವರಿಗೆ ಮುಧೋಳ ನಾಯಿಯಿದೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನೇ ಹೊರಡಿಸಿತು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಈ ತಳಿಗಾಗಿ ಸಂಶೋಧನಾ ಕೇಂದ್ರವಿದೆ. ಆದರೆ ಅದು ಓಡಲು ಹುಟ್ಟಿದ ಬೇಟೆನಾಯಿ. ಮೂರನೆಯ ಮಹಡಿಯ ಫ್ಲ್ಯಾಟಿಗೆ ಅದನ್ನು ತರುವುದು ನ್ಯಾಯವಲ್ಲ.

ಹೆಚ್ಚಿನ ಮನೆಗಳಿಗೆ ನಾವು ಹೇಳುವುದು ಊರ ನಾಯಿಯ ಮರಿಯನ್ನೇ. ಬೆಲೆಯಿಲ್ಲ. ನಮ್ಮ ಬಿಸಿಲು ಮಳೆಗೆ ಒಗ್ಗಿದ ಮೈ. ಹದಿನೈದು ಕಿಲೋದ ನಾಯಿಗೆ ಮೂವತ್ತು ಕಿಲೋದ ನಾಯಿಗಿಂತ ಊಟವೂ ಸಾಕಷ್ಟು ಕಡಿಮೆ; ಸರಿಯಾಗಿ ಅರ್ಧವಲ್ಲ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮನೆಯ ಅನ್ನ, ರಾಗಿಮುದ್ದೆ, ಮೀನು, ಮೊಟ್ಟೆಯಲ್ಲಿ ಬೆಳೆಯುತ್ತದೆ. ಈರುಳ್ಳಿ ಹಾಕಿದ ಸಾರು, ಒಣದ್ರಾಕ್ಷಿ, ಚಾಕೊಲೇಟು, ಬೇಯಿಸಿದ ಕೋಳಿಯ ಮೂಳೆ ಮಾತ್ರ ಯಾವ ನಾಯಿಗೂ ಕೊಡಬಾರದು. ಹಬ್ಬದ ಮರುದಿನ ಉಳಿದದ್ದನ್ನೆಲ್ಲ ಅದರ ತಟ್ಟೆಗೆ ಸುರಿಯುವ ಪದ್ಧತಿ ಬಿಡಬೇಕು. ಪುಕ್ಕಟೆ ಬಂದ ನಾಯಿಯೆಂದು ಲಸಿಕೆ ತಪ್ಪಿಸುವ ಹಾಗೂ ಇಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಮೂರು ತಿಂಗಳಿಗೆ ಮೊದಲ ಚುಚ್ಚುಮದ್ದು, ವೈದ್ಯರು ಹೇಳಿದಾಗ ಎರಡನೆಯದು, ಆಮೇಲೆ ಪ್ರತಿವರ್ಷ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಶಿಬಿರ ನಡೆಯುವುದುಂಟು, ವಿಚಾರಿಸಿ ನೋಡಿ.

ಧರ್ಮಸಭೆ ಏನು ಹೇಳುತ್ತದೆ?

ಇಂಥ ಮನೆಮಾತಿಗೂ ಧರ್ಮಸಭೆಗೂ ಏನು ಸಂಬಂಧ ಎಂದು ಕೇಳುವವರಿಗೆ ಆಶ್ಚರ್ಯವಾದೀತು. 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2418ನೆಯ ಪರಿಚ್ಛೇದ ಪ್ರಾಣಿಗಳಿಗೆ ಮಾಡುವ ಖರ್ಚನ್ನು ಕುರಿತೇ ಇದೆ. ಪ್ರಾಣಿಗಳಿಗೆ ಅನಗತ್ಯ ನೋವು ಕೊಡುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲವೆಂದು ಅದು ಮೊದಲು ಹೇಳುತ್ತದೆ. ಆಮೇಲೆ, ಮನುಷ್ಯರ ಸಂಕಟ ನೀಗಲು ಮೊದಲು ಸಲ್ಲಬೇಕಾದ ಹಣವನ್ನು ಅವುಗಳ ಮೇಲೆ ಸುರಿಯುವುದೂ ತಕ್ಕದ್ದಲ್ಲವೆನ್ನುತ್ತದೆ. ಪ್ರಾಣಿಗಳನ್ನು ಪ್ರೀತಿಸಬಹುದು, ಮನುಷ್ಯರಿಗೇ ಸಲ್ಲಬೇಕಾದ ಮಮತೆಯನ್ನು ಅವುಗಳತ್ತ ತಿರುಗಿಸಬಾರದು. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2023ರ ಮೇ ತಿಂಗಳಲ್ಲಿ ಒಂದು ಪ್ರಸಂಗ ಹೇಳಿದರು. ಮಹಿಳೆಯೊಬ್ಬರು ಚೀಲ ತೆರೆದು ತಮ್ಮ ಮಗುವನ್ನು ಆಶೀರ್ವದಿಸಿ ಎಂದರಂತೆ, ನೋಡಿದರೆ ಒಳಗಿದ್ದದ್ದು ನಾಯಿಮರಿ. ಎಷ್ಟೋ ಮಕ್ಕಳು ಹಸಿದಿರುವಾಗ ಇದೇನೆಂದು ಅವರು ಗದರಿದರಂತೆ. ಸೃಷ್ಟಿಯ ಪಾಲನೆಯ ಬಗ್ಗೆ 2015ರಲ್ಲಿ 'ಲೌದಾತೊ ಸೀ' ಎಂಬ ವಿಶ್ವಪತ್ರ ಬರೆದವರೂ ಅವರೇ. ನಾಯಿಯ ಮೇಲೆ ಅವರಿಗೆ ಕೋಪವಿತ್ತೆಂದು ಯಾರೂ ತಿಳಿಯಬೇಕಾಗಿಲ್ಲ.

ಹಾಗಾದರೆ ಎಷ್ಟು ಖರ್ಚು ಮಾಡಿದರೆ ಹೆಚ್ಚಾಯಿತು? ಧರ್ಮೋಪದೇಶ ಗ್ರಂಥ ಅಂಕಿ ಕೊಡುವುದಿಲ್ಲ, ಆದರೆ ಅಳತೆಗೋಲು ಮನೆಯಲ್ಲೇ ಸಿಗುತ್ತದೆ. ನಾಯಿಗೆ ತಿಂಗಳಿಗೆ ಮೂರು ಸಾವಿರದ ಪ್ಯಾಕೆಟ್ ಆಹಾರ ತರುವ ಮನೆಯೊಡತಿ, ಪಾತ್ರೆ ತೊಳೆಯಲು ಬರುವ ಹೆಂಗಸು ಸಂಬಳ ಇನ್ನೂರು ಹೆಚ್ಚಿಸಿ ಎಂದಾಗ ಮುಖ ತಿರುಗಿಸಿದರೆ, ಆ ಮೂರು ಸಾವಿರ ಹೆಚ್ಚಾಯಿತು. ಧರ್ಮಕೇಂದ್ರದ ವಿನ್ಸೆಂಟ್ ಡಿ ಪೌಲ್ ಸಭೆಯವರ ಚೀಲಕ್ಕೆ ಹತ್ತು ರೂಪಾಯಿ ಹಾಕುವಾಗ ಕೈ ನಡುಗುವವರಿಗೂ ಇದೇ ಮಾತು. ಕೊಡಬೇಕಾದವರಿಗೆ ಕೊಟ್ಟ ಮೇಲೆ ಉಳಿದದ್ದರಲ್ಲಿ ನಾಯಿ ಸಾಕುವವರು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ತೊಬಿತನ ಗ್ರಂಥದಲ್ಲಿ ಮಗ ತೊಬಿಯ ದೂರದ ಪ್ರಯಾಣ ಹೊರಟಾಗ ದೇವದೂತನ ಜೊತೆಗೆ ನಾಯಿಯೂ ಹೋಗುತ್ತದೆ, ಹಿಂದಿರುಗುವಾಗಲೂ ಜೊತೆಯಲ್ಲೇ ಬರುತ್ತದೆ. ಅದು ಏನು ಮಾಡಿತೆಂದು ಗ್ರಂಥ ಹೇಳುವುದಿಲ್ಲ. ಜೊತೆಗಿತ್ತು, ಅಷ್ಟೇ.

ಹಣವಿದೆ, ಕೈಗಳಿಲ್ಲ

ಕೆಲವು ಮನೆಗಳಲ್ಲಿ ತೊಂದರೆ ಹಣದ್ದಲ್ಲ. ಮಗ ಕೊಲ್ಲಿ ದೇಶದಲ್ಲಿ ದುಡಿಯುತ್ತಾನೆ. ಊರಿನಲ್ಲಿ ದೊಡ್ಡ ಮನೆ, ಎಪ್ಪತ್ತು ದಾಟಿದ ತಂದೆ ತಾಯಿ ಇಬ್ಬರೇ. ಕಳ್ಳಕಾಕರ ಭಯ. ಮಗ ಫೋನಿನಲ್ಲಿ, "ದುಡ್ಡಿನ ಚಿಂತೆ ಬೇಡ ಪಪ್ಪಾ, ಒಳ್ಳೆಯ ಜರ್ಮನ್ ಶೆಫರ್ಡನ್ನೇ ತನ್ನಿ" ಎನ್ನುತ್ತಾನೆ. ಪ್ರೀತಿಯಿಂದ ಹೇಳಿದ್ದೇ. ಆದರೆ ಮೂವತ್ತೈದು ಕಿಲೋದ ನಾಯಿ ಬೆಕ್ಕು ಕಂಡು ಚೈನು ಎಳೆದರೆ ಪಪ್ಪನ ಸೊಂಟ ಏನಾಗಬೇಕು? ತಾಲ್ಲೂಕು ಪೇಟೆಯ ಪಶು ಆಸ್ಪತ್ರೆಗೆ ಅದನ್ನು ಕರೆದೊಯ್ಯಲು ಯಾವ ರಿಕ್ಷಾದವರು ಒಪ್ಪುತ್ತಾರೆ? ಕೊನೆಗೆ ಅದು ಹಿತ್ತಲಲ್ಲಿ ಗಿಡ್ಡ ಸರಪಳಿಯಲ್ಲಿ ಇಡೀ ದಿನ ಬೊಗಳುತ್ತಾ ಉಳಿಯುತ್ತದೆ. ಊಟ ಹಾಕಲೂ ಅಮ್ಮನಿಗೆ ಹೆದರಿಕೆ. ಇಂಥ ಮನೆಗೆ ಎರಡು ಮೂರು ವರ್ಷ ವಯಸ್ಸಾದ, ಸಂತಾನಹರಣ ಚಿಕಿತ್ಸೆಯಾದ, ಸ್ವಭಾವ ಗೊತ್ತಿರುವ ಸಣ್ಣ ನಾಯಿ ಸಾಕು. ಅಪರಿಚಿತರು ಬಂದಾಗ ಬೊಗಳುವುದಕ್ಕೆ ವಂಶಾವಳಿ ಬೇಕಿಲ್ಲ. ಮಗ ಕೊಡಬೇಕೆಂದಿದ್ದ ನಲವತ್ತು ಸಾವಿರವನ್ನು ಒಂದೇ ಸಲ ಮರಿಗೆ ಕೊಡುವ ಬದಲು, ನಾಯಿಯನ್ನು ದಿನಾ ನಡೆಸಿ ತರುವ ನೆರೆಮನೆಯ ಹುಡುಗನಿಗೂ, ಮನೆಗೇ ಬಂದು ನೋಡುವ ವೈದ್ಯರಿಗೂ ತಿಂಗಳಿಗಿಷ್ಟೆಂದು ಕಳಿಸಲಿ.

ಕೊನೆಯದಾಗಿ ಯಾರೂ ಮೊದಲೇ ಮಾತಾಡದ ಖರ್ಚು. ಹನ್ನೊಂದು ವರ್ಷದ ನಾಯಿಗೆ ಗಡ್ಡೆಯಾಗುತ್ತದೆ, ಶಸ್ತ್ರಚಿಕಿತ್ಸೆಗೆ ವೈದ್ಯರು ಅರವತ್ತು ಸಾವಿರ ಕೇಳುತ್ತಾರೆ ಎಂದಿಟ್ಟುಕೊಳ್ಳೋಣ. ಆ ಹೊತ್ತಿನಲ್ಲಿ, ಅಳುವ ಮಕ್ಕಳ ನಡುವೆ ಸರಿಯಾದ ತೀರ್ಮಾನ ಬರುವುದು ಕಷ್ಟ. ಸಾಲ ಮಾಡಿಯಾದರೂ ಎಂದು ಬಾಯಿಗೆ ಬಂದುಬಿಡುತ್ತದೆ. ಒಂದು ಕಾಯಿಲೆಗೆ ಇಷ್ಟರವರೆಗೆ, ಅದಕ್ಕೆ ಮೀರಿದರೆ ನೋವು ಕಡಿಮೆ ಮಾಡುವ ಔಷಧಿ ಎಂದು ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿರಬೇಕು. ಗುಣವಾಗದ ನೋವಿನಲ್ಲಿರುವ ನಾಯಿಗೆ ವೈದ್ಯರಿಂದ ಕೊನೆಯ ಚುಚ್ಚುಮದ್ದು ಕೊಡಿಸುವುದು ಪಾಪವೇ ಎಂದು ಕೇಳುವವರಿದ್ದಾರೆ. ದಯಾಮರಣ ಕೂಡದೆಂಬ ಧರ್ಮಸಭೆಯ ಬೋಧನೆ ಮನುಷ್ಯರಿಗೆ ಸಂಬಂಧಿಸಿದ್ದು. ಪ್ರಾಣಿಯ ವಿಷಯದಲ್ಲಿ ಅನಗತ್ಯವಾಗಿ ನರಳಿಸಬಾರದೆಂಬುದೇ ನಿಯಮ. ಆದ್ದರಿಂದ ಅದು ಪಾಪವಲ್ಲ. ಮಕ್ಕಳಿಗೂ ಇದನ್ನು ನೇರವಾಗಿ ಹೇಳಿ. ನಾಯಿಯನ್ನು ಯಾರದೋ ತೋಟಕ್ಕೆ ಕಳಿಸಿದೆವೆಂದು ಸುಳ್ಳು ಹೇಳಿದರೆ, ಮುಂದಿನ ಭಾನುವಾರ ಅವರು ಆ ತೋಟಕ್ಕೆ ಹೋಗೋಣ ಎನ್ನುತ್ತಾರೆ.