ಡಬ್ಬಿಯಲ್ಲಿ ಕಡಲೆಕಾಯಿ ಬೀಜ ಬೇಡವೆಂದಾಗ

‘ಊಟದ ಡಬ್ಬಿಯಲ್ಲಿ ಕಡಲೆಕಾಯಿ ಬೀಜ, ಗೋಡಂಬಿ, ಬಾದಾಮಿ ಕಳುಹಿಸಬೇಡಿ.’ ಮಗುವಿನ ಶಾಲಾ ಡೈರಿಯಲ್ಲಿ ಇಂಥ ಸೂಚನೆ ಬಂದರೆ, ‘ನಮ್ಮ ಮಗುವಿಗೆ ಏನೂ ಆಗುವುದಿಲ್ಲವಲ್ಲ’ ಎಂದು ನಿಮಗೆ ಅನ್ನಿಸಬಹುದು. ಆದರೆ ಈ ಸೂಚನೆ ಪಕ್ಕದಲ್ಲಿ ಕುಳಿತು ಉಣ್ಣುವ ಮಗುವಿಗಾಗಿ. ಮಕ್ಕಳು ಹಂಚಿಕೊಂಡು ತಿನ್ನುವವರು ಎಂಬುದನ್ನು ಮರೆಯಬೇಡಿ.

ಕಾರಣವೇನು?

ಕೆಲವು ಮಕ್ಕಳ ದೇಹ ಈ ಬೀಜಗಳ ಪ್ರೋಟೀನನ್ನು ಶತ್ರುವೆಂದು ತಿಳಿದು ಅದರ ಮೇಲೆ ಎರಗುತ್ತದೆ. ಇದೇ ಅಲರ್ಜಿ. ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈಮೇಲೆ ಗಂದೆ, ತುಟಿ ಊತ, ವಾಂತಿ ಕಾಣಿಸಬಹುದು. ‘ಪಿತ್ತದ ಗಂದೆ’ ಎಂದು ಉದಾಸೀನ ಮಾಡಬೇಡಿ. ಉಸಿರಾಟಕ್ಕೆ ತೊಂದರೆಯಾದರೆ, ಮಗು ತಲೆಸುತ್ತಿ ಬಿದ್ದರೆ ಪ್ರಾಣಕ್ಕೇ ಅಪಾಯ. ಆಗ ಬೇಕಾದದ್ದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿ ಮಾತ್ರೆ ಸಾಲದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಅಡಗಿ ಕುಳಿತ ಬೀಜ

ಚಿತ್ರಾನ್ನ, ಪುಳಿಯೋಗರೆ, ಒಗ್ಗರಣೆ ಅವಲಕ್ಕಿಗಳಲ್ಲಿ ಬೀಜ ಕಣ್ಣಿಗೆ ಕಾಣುತ್ತದೆ. ಆರಿಸಿ ತೆಗೆದರೆ ಸಾಲದು, ಹಾಕಲೇಬಾರದು. ಕಾಣದಿರುವುದೇ ಹೆಚ್ಚು ಅಪಾಯಕಾರಿ. ಶೇಂಗಾ ಚಟ್ನಿಪುಡಿ, ಎಣ್ಣೆಗಾಯಿಯ ಮಸಾಲೆ, ಶೇಂಗಾ ಹೋಳಿಗೆ, ಗೋಡಂಬಿ ಅರೆದು ಹಾಕಿದ ಸಾಗು ಇವೆಲ್ಲ ಆ ಪಟ್ಟಿಗೆ ಸೇರುತ್ತವೆ. ಗಾಣದ ಕಡಲೆಕಾಯಿ ಎಣ್ಣೆಯಲ್ಲೂ ಪ್ರೋಟೀನಿನ ಅಂಶ ಉಳಿದಿರಬಹುದು. ಡಬ್ಬಿಯ ಅಡಿಗೆಗೆ ಸೂರ್ಯಕಾಂತಿ ಎಣ್ಣೆ ಬಳಸಿ. ಬೀಜ ಪುಡಿ ಮಾಡಿದ ಮಿಕ್ಸಿ ಜಾರನ್ನು ಸೋಪು ಹಾಕಿ ತೊಳೆಯದೆ ಬೇರೆ ಚಟ್ನಿ ಅರೆಯಬೇಡಿ. ಬಿಸ್ಕತ್ತು, ಚಾಕೊಲೇಟ್ ಪೊಟ್ಟಣಗಳ ಮೇಲಿನ ಅಲರ್ಜಿ ಸೂಚನೆಯನ್ನು ಓದಿ.

ಪೌಷ್ಟಿಕತೆ ತಗ್ಗದಿರಲಿ

ಬೀಜ ಬಿಟ್ಟು ಬರೀ ಅನ್ನ ಕಳುಹಿಸಿದರೆ ಮಗುವಿಗೆ ನಷ್ಟ. 100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನಿದೆ. ಹುರಿಗಡಲೆಯಲ್ಲೂ 20 ಗ್ರಾಂನಷ್ಟಿದೆ. ಚಿತ್ರಾನ್ನಕ್ಕೆ ಹುರಿಗಡಲೆ ಹಾಕಿ. ಚಟ್ನಿಪುಡಿಯನ್ನೂ ಅದರಿಂದಲೇ ಮಾಡಿ. ಹುರಿಗಡಲೆಯಲ್ಲಿ ಕೊಬ್ಬು ಕಡಿಮೆ. ಆದ್ದರಿಂದ ಒಂದು ಚಮಚ ತುಪ್ಪ ಸೇರಿಸಿದರೆ ಶಕ್ತಿಯ ಕೊರತೆ ತುಂಬುತ್ತದೆ.

ಐದು ದಿನದ ಡಬ್ಬಿ

ಸೋಮವಾರ: ಚಪಾತಿ, ಹೆಸರುಕಾಳಿನ ಉಸಲಿ.
ಮಂಗಳವಾರ: ಇಡ್ಲಿ, ತುಪ್ಪ ಕಲಸಿದ ಹುರಿಗಡಲೆ ಚಟ್ನಿಪುಡಿ.
ಬುಧವಾರ: ತರಕಾರಿ ಹಾಕಿದ ಬಿಸಿಬೇಳೆಬಾತ್, ಗೋಡಂಬಿ ಇಲ್ಲದೆ.
ಗುರುವಾರ: ನುಗ್ಗೆಸೊಪ್ಪಿನ ರಾಗಿರೊಟ್ಟಿ. ರಾಗಿಯಲ್ಲಿ ಸುಣ್ಣದ ಅಂಶ ಹೇರಳ.
ಶುಕ್ರವಾರ: ಹುರಿಗಡಲೆ ಹಾಕಿದ ನಿಂಬೆಹಣ್ಣಿನ ಚಿತ್ರಾನ್ನ, ಕ್ಯಾರೆಟ್ ಕೋಸಂಬರಿ.

ಜೊತೆಗೆ ಬಾಳೆಹಣ್ಣು, ಸೀಬೆ ಅಥವಾ ಕಿತ್ತಳೆ ಇರಲಿ. ಚಿಕ್ಕಿಯ ಬದಲು ಹುರಿಗಡಲೆ ಉಂಡೆ ಕೊಡಿ.

ನೆನಪಿಡಿ

ಎಳ್ಳು, ಕೊಬ್ಬರಿ ಕಳುಹಿಸಬಹುದೇ ಎಂದು ಶಾಲೆಯಲ್ಲಿ ಕೇಳಿ ತಿಳಿಯಿರಿ. ಎಳ್ಳೂ ಕೆಲವರಿಗೆ ಒಗ್ಗದು. ಈ ಪಟ್ಟಿ ಸಹಪಾಠಿಗಳ ಡಬ್ಬಿಗೆ. ಅಲರ್ಜಿ ಇರುವ ಮಗುವಿನ ಊಟವನ್ನು ಅದರ ವೈದ್ಯರೇ ನಿರ್ಧರಿಸಬೇಕು. ಹುಟ್ಟುಹಬ್ಬಕ್ಕೆ ತರಗತಿಗೆ ಸಿಹಿ ಹಂಚುವ ಮುನ್ನ ಶಿಕ್ಷಕರಿಗೆ ತಿಳಿಸಿ. ಬೀಜವನ್ನು ಏಕೆ ಹಾಕಿಲ್ಲವೆಂದು ನಿಮ್ಮ ಮಗುವಿಗೂ ಹೇಳಿ. ಗೆಳೆಯನ ಜೀವ ಕಾಯುವುದು ತನ್ನ ಕೆಲಸವೂ ಹೌದೆಂದು ತಿಳಿದ ಮಗು, ಡಬ್ಬಿ ನೋಡಿ ಮುಖ ಸಿಂಡರಿಸುವುದಿಲ್ಲ.