ಸುತ್ತಿಗೆಗಿಂತ ಮೊದಲು ಚಾಕ್‌ಪೀಸು

ಮೈಸೂರಿನ ನಮ್ಮ ಮನೆ 1993ರದ್ದು. ಅಡುಗೆಮನೆ ಹತ್ತಡಿಗೆ ಎಂಟಡಿ. ಕಡಪಾ ಕಲ್ಲಿನ ಕಟ್ಟೆ, ಇಡೀ ಕೋಣೆಗೆ ಒಂದೇ ಪ್ಲಗ್ ಪಾಯಿಂಟು, ಕಿಟಕಿ ಕೆಳಗೆ ಮೊಸಾಯಿಕ್ ಸಿಂಕು. ಕಳೆದ ಫೆಬ್ರವರಿಯಲ್ಲಿ ನಾನೂ ಇವರೂ ಸೇರಿ ಅದನ್ನೆಲ್ಲ ಕಿತ್ತು ಹೊಸದಾಗಿ ಮಾಡಿಕೊಂಡೆವು. 10 ದಿನ ಅಂದುಕೊಂಡದ್ದು 23 ದಿನ ಹಿಡಿಯಿತು. ಮೈಕೈ ನೋವು ಎರಡು ವಾರಕ್ಕೆ ಹೋಯಿತು. ಟೈಲ್ಸ್ ಬಣ್ಣದ ಮುನಿಸು ಯುಗಾದಿವರೆಗೂ ಇತ್ತು. 'ನಾವೂ ಮಾಡ್ಕೋಬೇಕು ಅಂತಿದೀವಿ' ಎಂದು ಬರುವ ಗಂಡಹೆಂಡಿರಿಗೆ ಈಗ ನಾನು ಹೇಳುವುದು ಇಷ್ಟು.

1. ಅಳತೆ ಮೊಣಕೈಯಿಂದ ಶುರುವಾಗಲಿ

ಕಟ್ಟೆ ಎಷ್ಟೆತ್ತರ ಇರಬೇಕೆಂದರೆ ಅಂಗಡಿಯವರು, ಮೇಸ್ತ್ರಿ, ಭಾವಮೈದ, ಎಲ್ಲರ ಬಳಿಯೂ ಸಿದ್ಧ ಉತ್ತರ ಇರುತ್ತದೆ. ಕೇಳಬೇಡಿ. ಬರಿಗಾಲಲ್ಲಿ ನೆಟ್ಟಗೆ ನಿಂತು, ಕೈ ಮಡಚಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ಅದಕ್ಕಿಂತ ನಾಲ್ಕೈದು ಇಂಚು ಕೆಳಗೆ ಕಟ್ಟೆ ಬಂದರೆ ಹೆಚ್ಚುವಾಗ, ಲಟ್ಟಿಸುವಾಗ ಭುಜ ಎತ್ತಬೇಕಾಗಿಲ್ಲ, ಸೊಂಟ ಬಗ್ಗಿಸಬೇಕಾಗಿಲ್ಲ. ಒಲೆಯ ಲೆಕ್ಕ ಬೇರೆ. ಸ್ಟೋವೇ ನಾಲ್ಕೈದು ಇಂಚು, ಅದರ ಮೇಲೆ ಬಾಣಲೆ. ಕಟ್ಟೆಯನ್ನು ತೀರಾ ಎತ್ತರಿಸಿದರೆ ಒಗ್ಗರಣೆ ಮುಖಕ್ಕೇ ಸಿಡಿಯುತ್ತದೆ.

ನಮ್ಮ ಹಳೇ ಕಟ್ಟೆ 30 ಇಂಚಿತ್ತು. ಅದರ ಮೇಲೆ ಟೆಲಿಫೋನ್ ಡೈರೆಕ್ಟರಿ, ಅದರ ಮೇಲೆ ಮಾವನವರ ಕಾಲದ ಪಂಚಾಂಗಗಳು, ಎಲ್ಲದರ ಮೇಲೆ ಚಪಾತಿ ಮಣೆ ಇಟ್ಟು ಎರಡು ದಿನ ಲಟ್ಟಿಸಿದೆ. ಪಂಚಾಂಗ ಒಂದೊಂದಾಗಿ ತೆಗೆಯುತ್ತಾ ಬಂದು 34ಕ್ಕೆ ನಿಂತೆ. ಇವರು ನನಗಿಂತ ಏಳಿಂಚು ಎತ್ತರ. ಪಾತ್ರೆ ತೊಳೆಯುವ ಪಾಲು ಇವರದು. ತಮಗೆ 36 ಬೇಕೆಂದರು. ಕಟ್ಟೆಯ ಮುಂದೆ ಹೆಚ್ಚು ಹೊತ್ತು ನಿಲ್ಲುವವರ ಮೊಣಕೈಗೇ ಗೆಲುವು ಎಂದು ತೀರ್ಮಾನವಾಯಿತು. ತೀರ್ಮಾನ ಮಾಡಿದ್ದು ನಾನೇ.

2. ಚಾಕ್‌ಪೀಸಿನ ಅಡುಗೆಮನೆಯಲ್ಲಿ ಒಮ್ಮೆ ಉಪ್ಪಿಟ್ಟು ಮಾಡಿ

ತಾರಸಿಯ ಮೇಲೆ ಹೊಸ ಅಡುಗೆಮನೆಯನ್ನು ಇದ್ದಷ್ಟೇ ಅಳತೆಗೆ ಗೆರೆ ಎಳೆದು ಬರೆಯಿರಿ. ಒಲೆ, ಸಿಂಕು, ಫ್ರಿಜ್ಜು, ಬಾಗಿಲು ಎಲ್ಲ. ಆಮೇಲೆ ಒಳಗೆ ನಿಂತು ಉಪ್ಪಿಟ್ಟು ಮಾಡಿದ ಹಾಗೆ ಅಭಿನಯ ಮಾಡಿ. ರವೆ ಡಬ್ಬಿ ಎಲ್ಲಿಂದ ಬಂತು? ಈರುಳ್ಳಿ ಎಲ್ಲಿ ಹೆಚ್ಚಿದಿರಿ? ಸಿಪ್ಪೆ ಎಲ್ಲಿ ಹೋಯಿತು? ಬಿಸಿ ಬಾಣಲೆ ಇಳಿಸಲು ಒಲೆಯ ಪಕ್ಕ ಜಾಗ ಇದೆಯೇ? ಪಕ್ಕದ ಮನೆಯವರು ನೋಡಿ ನಗಲಿ, ಪರವಾಗಿಲ್ಲ. ಫ್ರಿಜ್ಜಿನ ಬಾಗಿಲು ತೆಗೆದರೆ ಅಡುಗೆಮನೆಯ ಬಾಗಿಲೇ ಮುಚ್ಚಿಹೋಗುತ್ತದೆ ಎಂದು ನಮಗೆ ಗೊತ್ತಾಗಿದ್ದು ತಾರಸಿಯ ಮೇಲೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಇನ್ನೊಂದು ಗೆರೆ ಎಳೆದೆವು. ಗೋಡೆಯಾಗಿದ್ದರೆ?

1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್‌ಸ್ಕಿ ಎಂಬ ವಾಸ್ತುಶಿಲ್ಪಿ ಹೀಗೇ ಹೆಜ್ಜೆಗಳ ಲೆಕ್ಕ, ನಿಮಿಷಗಳ ಲೆಕ್ಕ ಹಾಕಿ 1.9 ಮೀಟರಿಗೆ 3.4 ಮೀಟರಿನ ಅಡುಗೆಮನೆಯೊಂದನ್ನು ರೂಪಿಸಿದರು. ಅಂಥವು ಸುಮಾರು 10,000 ಮನೆಗಳಿಗೆ ಬಂದವು. ಇವತ್ತಿನ ಮಾಡ್ಯುಲರ್ ಕಿಚನ್ನಿಗೆ ಅದು ಅಜ್ಜಿ. ಅದನ್ನು ರೂಪಿಸುವ ತನಕ ತಾನು ಅಡುಗೆಯನ್ನೇ ಮಾಡಿರಲಿಲ್ಲ ಎಂದು ಆಕೆಯೇ ಮುಂದೆ ಹೇಳಿಕೊಂಡಿದ್ದುಂಟು. ಇವರಿಗೆ ಈ ಸಂಗತಿ ವಿಪರೀತ ಹಿಡಿಸಿತು. ಆದರೆ ಅದು ಒಬ್ಬರೇ ನಿಲ್ಲುವ ಅಡುಗೆಮನೆ. ಇಬ್ಬರು ಓಡಾಡುವುದಾದರೆ ಕಟ್ಟೆಗೂ ಎದುರಿನ ಬೀರುವಿಗೂ ನಡುವೆ ಮೂರೂವರೆ ಅಡಿಯಾದರೂ ಬಿಡಿ.

3. ವಾಸ್ತು ಚರ್ಚೆ ಕಲ್ಲು ಕೊಯ್ಯಿಸುವ ಮೊದಲೇ ಮುಗಿಯಲಿ

ನೀವು ನಂಬುತ್ತೀರೋ ಇಲ್ಲವೋ ಬೇರೆ ಮಾತು. ಮನೆಗೆ ಬರುವ ಹಿರಿಯರೊಬ್ಬರು 'ಒಲೆ ಅಗ್ನಿಮೂಲೆಗೆ ಬಂತಾ?' ಎಂದು ಕೇಳಿಯೇ ಕೇಳುತ್ತಾರೆ. ಗ್ರಾನೈಟಿನಲ್ಲಿ ಸಿಂಕಿನ ತೂತು ಒಮ್ಮೆ ಕೊರೆದ ಮೇಲೆ ಆಗ್ನೇಯ, ಈಶಾನ್ಯ ಯಾವುದೂ ಅದನ್ನು ಅಲ್ಲಾಡಿಸಲಾರದು.

4. ಮಾಡಬಾರದ ಕೆಲಸಗಳ ಪಟ್ಟಿ ಮೊದಲು

ನಮ್ಮ ಪಟ್ಟಿಯಲ್ಲಿ ನಾಲ್ಕಿದ್ದವು: ಗ್ಯಾಸು, ವೈರಿಂಗು, ಗ್ರಾನೈಟ್ ಕೂರಿಸುವುದು, ಗೋಡೆ ಒಡೆಯುವುದು. ಈ ನಾಲ್ಕಕ್ಕೂ ಗೊತ್ತಿದ್ದವರನ್ನೇ ಕರೆದೆವು. ಕೆಲಸ ಅವರದಾದರೂ ತಿಳಿವಳಿಕೆ ನಿಮ್ಮದಿರಲಿ.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕಿಳಿದು ಅಲ್ಲೇ ನಿಲ್ಲುತ್ತದೆ. ಸಿಲಿಂಡರನ್ನು ಕಟ್ಟೆಯ ಕೆಳಗೆ ಬಾಗಿಲು ಹಾಕಿ ಮುಚ್ಚುವುದಾದರೆ ಆ ಬಾಗಿಲಿನ ತಳದಲ್ಲಿ ಗಾಳಿ ಕಿಂಡಿ ಇರಲೇಬೇಕು. ಅಂದಕ್ಕೆಂದು ಮೇಲ್ಗಡೆ ಕೊರೆಸಿದ ಕಿಂಡಿಯೊಂದರಿಂದಲೇ ಆಗದು. ಸಿಲಿಂಡರ್ ನೆಟ್ಟಗೇ ನಿಲ್ಲಬೇಕು, ಸ್ಟೋವು ಅದಕ್ಕಿಂತ ಎತ್ತರದಲ್ಲಿರಬೇಕು. ಸುರಕ್ಷಾ ಟ್ಯೂಬು ಒಂದೂವರೆ ಮೀಟರಿಗಿಂತ ಉದ್ದ ಬೇಡ, ಐದು ವರ್ಷಕ್ಕಿಂತ ಹಳೆಯದೂ ಬೇಡ. ಸೋರಿಕೆಯ ಸಹಾಯವಾಣಿ 1906. ಬೀರುವಿನ ಬಾಗಿಲ ಒಳಗೆ ಅಂಟಿಸಿಡಿ.

ವೈರಿಂಗಿನಲ್ಲಿ ನಿಮ್ಮ ಪಾಲು ಒಂದೇ: ಪಾಯಿಂಟು ಎಲ್ಲೆಲ್ಲಿ ಬೇಕೆಂದು ಗೋಡೆ ಮೇಲೆ ಗುರುತು ಹಾಕುವುದು. 2000 ವ್ಯಾಟಿನ ಇಂಡಕ್ಷನ್ ಸ್ಟೋವು ಸುಮಾರು 9 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಸಣ್ಣ ಪಾಯಿಂಟಿಗೆ ಅದನ್ನು ಸಿಕ್ಕಿಸುವುದು ಬೆಂಕಿಗೆ ಆಹ್ವಾನ. ಅದಕ್ಕೆ 16 ಆಂಪಿಯರಿನ ಪಾಯಿಂಟು, 2.5 ಚದರ ಮಿಲಿಮೀಟರಿನ ತಂತಿ, ಸರಿಯಾದ ಅರ್ತಿಂಗ್ ಬೇಕು. ಎಷ್ಟು ಪಾಯಿಂಟು ಸಾಕು ಅನಿಸುತ್ತದೋ ಅದಕ್ಕೆ ಎರಡು ಸೇರಿಸಿ. ಮಿಕ್ಸಿ, ಗ್ರೈಂಡರು, ನೀರಿನ ಫಿಲ್ಟರು, ಓವನ್ನು, ಇನ್ನು ಮೊಬೈಲನ್ನು ಅಡುಗೆಮನೆಯಲ್ಲೇ ಚಾರ್ಜಿಗೆ ಹಾಕುವ ಮಗ.

5. 'ನೋಡೋಣ' ಎಂಬ ಪದಕ್ಕೆ ದಂಡ ಹಾಕಿ

ನಮ್ಮಿಬ್ಬರ ಜಗಳಗಳಲ್ಲಿ ಕೆಲಸ ಯಾರು ಹೆಚ್ಚು ಮಾಡಿದರು ಎಂಬುದಕ್ಕೆ ಆದದ್ದು ಒಂದೂ ಇಲ್ಲ. ಕೊನೆಯ ಮಾತು ಯಾರದು ಎಂಬುದಕ್ಕೇ ಎಲ್ಲವೂ. ಟೈಲ್ಸ್ ಅಂಗಡಿಯಲ್ಲಿ ನಾನು ಮಾಸಲು ಹಸಿರು ತೋರಿಸಿದೆ. ಇವರು 'ನೋಡೋಣ' ಅಂದರು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ. ಇವರು ಬೇಡವೆಂದೇ ಹೇಳಿದ್ದರಂತೆ. ಗೊತ್ತಾದದ್ದು ಪೆಟ್ಟಿಗೆಗಳು ಆಟೋದಿಂದ ಇಳಿದ ಮೇಲೆ. ಅವತ್ತೇ ಒಂದು ನೋಟ್‌ಬುಕ್ ತಂದೆವು. ಎಡಗಡೆ ಪುಟ ನನ್ನದು: ಬಣ್ಣ, ಎತ್ತರ, ಯಾವ ಡಬ್ಬಿ ಎಲ್ಲಿ. ಬಲಗಡೆ ಇವರದು: ಸಾಮಾನಿನ ಗುಣಮಟ್ಟ, ಲೆಕ್ಕ, ಯಾರನ್ನು ಕರೆಯುವುದು. ಒಬ್ಬರ ಪುಟದಲ್ಲಿ ಇನ್ನೊಬ್ಬರು ಸಲಹೆ ಕೊಡಬಹುದು, ತಿದ್ದುವಂತಿಲ್ಲ. 'ನೋಡೋಣ' ಎಂದರೆ ಹುಂಡಿಗೆ ಹತ್ತು ರೂಪಾಯಿ. ಇವರು 140 ಕಟ್ಟಿದರು, ನಾನು 60. ಆ ದುಡ್ಡಿನಲ್ಲಿ ಬಂದ ಬಾಗಿಲ ಹಿಡಿಗಳು ಈಗ ಸಿಂಕಿನ ಕೆಳಗಿವೆ.

6. ಒಡೆಯುವ ಮೊದಲು ಬದಲಿ ಒಲೆ ಹೂಡಿ

ವರಾಂಡದಲ್ಲಿ ಒಂದು ಮೇಜು, ಇಂಡಕ್ಷನ್, ಮಿಕ್ಸಿ, ಒಂದು ಕೊಡ ನೀರು. ಪಾತ್ರೆಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು. 'ಹೋಟೆಲಿಂದ ತಂದ್ರಾಯ್ತು' ಎಂಬ ಧೈರ್ಯ ನಾಲ್ಕನೇ ದಿನಕ್ಕೆ ಹೊಟ್ಟೆ ಕೆಡಿಸುತ್ತದೆ. ಚಟ್ನಿಪುಡಿ, ಮೆಂತ್ಯದ ಹಿಟ್ಟು, ಪುಳಿಯೋಗರೆ ಗೊಜ್ಜು ಮೂರನ್ನೂ ಮೊದಲೇ ಮಾಡಿಟ್ಟಿದ್ದೆ. ನಮ್ಮ 23 ದಿನಗಳನ್ನು ದಾಟಿಸಿದ್ದು ಅವೇ.

7. ಒಡೆಯುವ ದಿನ ಮೊದಲು ಬಟ್ಟೆ, ಆಮೇಲೆ ಉಳಿ

ಮೇನ್ ಸ್ವಿಚ್ ಆರಿಸಿ, ನೀರಿನ ವಾಲ್ವ್ ಮುಚ್ಚಿ, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು ಹಾಕಿ. ಇಷ್ಟು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ್ದು: ಸಿಂಕಿನ ಪೈಪಿನ ಬಾಯಿಗೆ ಬಟ್ಟೆ ತುರುಕಿ. ನಾವು ತುರುಕಲಿಲ್ಲ. ಮುಷ್ಟಿಯಷ್ಟು ಗಾರೆ ಒಳಗಿಳಿದು, ಪ್ಲಂಬರ್ ಬಂದು ಹಿತ್ತಲಿನ ತನಕ ಪೈಪು ಬಿಚ್ಚಿ 1,200 ರೂಪಾಯಿ ತೆಗೆದುಕೊಂಡು ಹೋದರು. ಟೈಲ್ಸನ್ನು ಬೆರಳಗಂಟಿನಿಂದ ತಟ್ಟಿ ನೋಡಿ; ಡಬಡಬ ಅನ್ನುವವು ಸುಲಭವಾಗಿ ಏಳುತ್ತವೆ, ಅಲ್ಲಿಂದಲೇ ಶುರುಮಾಡಿ. ಅವಶೇಷವನ್ನು ಸಿಮೆಂಟ್ ಚೀಲಕ್ಕೆ ಅರ್ಧ ಮಾತ್ರ ತುಂಬಿ. ಪೂರ್ತಿ ತುಂಬಿದ ಚೀಲ ತುಂಬಿದಲ್ಲೇ ಉಳಿಯುತ್ತದೆ. ಅದನ್ನು ಕಸದ ಗಾಡಿಗೆ ಕದ್ದು ಹಾಕಬೇಡಿ, ಚರಂಡಿಗಂತೂ ಸುರಿಯಲೇಬೇಡಿ. ಎಲ್ಲಿಗೆ ಒಯ್ಯಬೇಕೆಂದು ಪಾಲಿಕೆಯವರನ್ನು ಕೇಳಿ.

8. ಕಡಪಾ ಕಲ್ಲನ್ನು ಎಸೆಯಬೇಡಿ

ಅದು ಸುಣ್ಣಕಲ್ಲಿನ ಜಾತಿ. ನಿಂಬೆಹುಳಿ, ಹುಣಸೆಹುಳಿ ಬಿದ್ದಲ್ಲಿ ಕಲ್ಲೇ ಸವೆದು ಬಿಳಿ ಕಲೆ ಉಳಿಯುತ್ತದೆ. ಒಲೆಕಟ್ಟೆಗೆ ಗ್ರಾನೈಟೇ ಸರಿ. ಇಳಕಲ್ಲಿನ ಕೆಂಪೋ ಚಾಮರಾಜನಗರದ ಕಪ್ಪೋ ನಿಮ್ಮಿಷ್ಟ. ಕಪ್ಪಿನ ಮೇಲೆ ಅಕ್ಕಿಹಿಟ್ಟಿನ ಒಂದು ಬೆರಳ ಗುರುತೂ ಎದ್ದು ಕಾಣುತ್ತದೆ ಎಂಬುದು ನೆನಪಿರಲಿ. ಆದರೆ ಡಬ್ಬಿ ಜೋಡಿಸುವ ಹಲಗೆಗೆ, ಸಿಲಿಂಡರ್ ಪಕ್ಕದ ಗೂಡಿಗೆ ಹಳೇ ಕಡಪಾ ಗಟ್ಟಿಮುಟ್ಟು. ಗೆದ್ದಲು ತಿನ್ನುವುದಿಲ್ಲ, ನೀರಿಗೆ ಉಬ್ಬುವುದಿಲ್ಲ.

9. ಮೊದಲ ಸಾಲಿಗೆ ಇಡೀ ದಿನ ಹೋದರೂ ಹೋಗಲಿ

ಟೈಲ್ಸ್ ಅಂಟಿಸುವುದು ನಿಜಕ್ಕೂ ನೀವೇ ಮಾಡಬಹುದಾದ ಕೆಲಸ. ಮಾಡಬಹುದು ಎಂದೆ, ಬೇಗ ಮಾಡಬಹುದು ಎಂದಿಲ್ಲ. ನೂರಕ್ಕೆ ಹತ್ತು ಹೆಚ್ಚು ಕೊಳ್ಳಿ, ಎಲ್ಲ ಪೆಟ್ಟಿಗೆಯ ಮೇಲೂ ಒಂದೇ ಬ್ಯಾಚ್ ನಂಬರ್ ಇದೆಯೇ ನೋಡಿ. ಬೇರೆ ಬ್ಯಾಚಿನದಾದರೆ ಬಣ್ಣ ಕೂದಲೆಳೆಯಷ್ಟು ಬದಲಾದೀತು. ಅಂಗಡಿಯ ದೀಪದಡಿ ಕಾಣದ್ದು ನಿಮ್ಮ ಕಿಟಕಿಯ ಬೆಳಕಿಗೆ ಕಾಣುತ್ತದೆ. ಗೋಡೆಯ ಸಾದಾ ಸಿರಾಮಿಕ್ ಟೈಲ್ಸನ್ನು ಸಿಮೆಂಟಿನಲ್ಲಿ ಕೂರಿಸುವುದಾದರೆ ಗುಳ್ಳೆ ನಿಲ್ಲುವ ತನಕ ನೀರಲ್ಲಿ ನೆನೆಹಾಕಿ. ವಿಟ್ರಿಫೈಡ್ ಆದರೆ ಅದು ನೀರು ಕುಡಿಯುವುದೇ ಇಲ್ಲ, ಬರೀ ಸಿಮೆಂಟು ಅದನ್ನು ಹಿಡಿಯದು. ಟೈಲ್ಸ್ ಅಂಟೇ ಬೇಕು.

ಹಳೇ ಮನೆಯ ಕಟ್ಟೆಯನ್ನಾಗಲಿ ನೆಲವನ್ನಾಗಲಿ ನಂಬಿ ಸಾಲು ಹಿಡಿಯಬೇಡಿ, ಎರಡೂ ಓರೆ. ನಾವು ಮೇಸ್ತ್ರಿಗಳ ಹಾಗೆ ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ ಮಟ್ಟ ನೋಡಿದೆವು. ಇವರು ಆ ತುದಿ, ನಾನು ಈ ತುದಿ. ನೀರು ನಿಂತಲ್ಲಿ ಪೆನ್ಸಿಲ್ ಗುರುತು, ಗುರುತಿನಿಂದ ಗುರುತಿಗೆ ದಾರ, ದಾರದ ಗುಂಟ ಒಂದು ಮರದ ಪಟ್ಟಿ. ಆರು ಗಂಟೆ ಹೊತ್ತಿಗೆ 14 ಟೈಲ್ಸ್ ಅಂಟಿಸಿ ಹಿಂದೆ ಸರಿದು ನೋಡಿದರೆ ಸಾಲು ಕಿಟಕಿಯ ಕಡೆಗೆ ಇಳಿಜಾರು. 'ನಿನ್ ಕಡೆ ಗುರುತು ತಪ್ಪಿದೆ ಕಣೇ' ಎಂದರು. 'ನಿಮ್ಮ ಕಡೆದೇ ರೀ' ಎಂದೆ. ಟ್ಯೂಬು ಎತ್ತಿ ಬೆಳಕಿಗೆ ಹಿಡಿದಾಗ ನಡುವೆ ಕಡಲೆಕಾಳಿನಷ್ಟು ಗಾಳಿಗುಳ್ಳೆಗಳು ಸಾಲಾಗಿ ಕೂತಿದ್ದವು. ನೀರು ಸುಳ್ಳು ಹೇಳುವುದಿಲ್ಲ ನಿಜ. ಗುಳ್ಳೆ ಹೇಳುತ್ತದೆ, ಅರ್ಧ ಇಂಚಿನಷ್ಟು. ಅಂಟು ಹಸಿಯಿದ್ದಾಗಲೇ ಹದಿನಾಲ್ಕನ್ನೂ ಕಿತ್ತು ತೊಳೆದು ಇಟ್ಟೆವು. ಅವತ್ತು ಯಾರೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಟ್ಯೂಬನ್ನು ಬೆರಳಿಂದ ತಟ್ಟಿ ತಟ್ಟಿ ಗುಳ್ಳೆ ಓಡಿಸಿದ ಮೇಲೆ ಎರಡೂ ಗೋಡೆ ಸರಾಗವಾಗಿ ಬಂದವು.

ನಡುವಿನ ಸಂದಿಗೆ ಸ್ಪೇಸರ್ ಹಾಕಿ, ಕತ್ತರಿಸಿದ ಟೈಲ್ಸು ಮೂಲೆಗೆ ಹೋಗಲಿ, ಇಡಿಯದು ಕಣ್ಣೆದುರಿಗೆ ಬರಲಿ.

10. ಪ್ಲೈವುಡ್ಡಿನ ಮೇಲಿನ ಮುದ್ರೆ ಓದಿ

'ವಾಟರ್‌ಪ್ರೂಫ್ ಸಾರ್' ಎಂಬ ಅಂಗಡಿಯ ಮಾತಿಗಿಂತ ಹಲಗೆಯ ಮೇಲಿನ ಅಂಕಿ ಮುಖ್ಯ. ಐಎಸ್ 710 ಎಂದಿದ್ದರೆ ಮರೀನ್ ದರ್ಜೆ, ಕುದಿಯುವ ನೀರಿನ ಪರೀಕ್ಷೆ ದಾಟಿದ ಅಂಟಿನದು. ಐಎಸ್ 303ರ ಎಂಆರ್ ತೇವವನ್ನಷ್ಟೇ ತಡೆದೀತು. ಹಾಲಿನ ಷೋಕೇಸಿಗೆ ಸಾಕು, ಅಡುಗೆಮನೆಗೆ ಸಾಲದು. ಬೀರು ನೆಲಕ್ಕೆ ತಾಗದಂತೆ ನಾಲ್ಕಿಂಚು ಎತ್ತರಿಸಿ. ಸಿಂಕಿನ ಕೆಳಗೆ ಎಂಥಾ ಪ್ಲೈವುಡ್ಡೂ ಬೇಡ ಎಂಬುದು ನನ್ನ ಹಟ. ಅಲ್ಲಿ ಕಡಪಾ ಇಟ್ಟೆ.

11. ಸಿಂಕಿಗೆ ಒಂದು ರಾತ್ರಿಯ ಪರೀಕ್ಷೆ

ಕೆಳಗೆ ದಿನಪತ್ರಿಕೆ ಹಾಸಿ, ಸಿಂಕು ತುಂಬಿಸಿ, ಒಮ್ಮೆಗೇ ಬಿಡಿ. ಮತ್ತೆ ತುಂಬಿಸಿ ಬೆಳಗಿನವರೆಗೆ ಬಿಡಿ. ಕಾಗದದ ಮೇಲೆ ಒಂದು ಹನಿ ಕಂಡರೂ ಬಿಚ್ಚಿ ಮತ್ತೆ ಕೂರಿಸಿ. ಕೆಳಗಿನ ಪೈಪಿಗೆ ಟ್ರ್ಯಾಪ್ ಇರಲೇಬೇಕು. ಅದರಲ್ಲಿ ನಿಲ್ಲುವ ನೀರೇ ಚರಂಡಿಯ ವಾಸನೆಗೂ ಜಿರಳೆಗೂ ಮುಚ್ಚಿದ ಬಾಗಿಲು.

12. ಮುಗಿಯುವ ತಾರೀಕು ಯಾರಿಗೂ ಹೇಳಬೇಡಿ

ನೆಂಟರು ಬರುತ್ತಾರೆ. ಬಂದೇಬಿಡುತ್ತಾರೆ. ದುಡ್ಡಿನದೂ ಹಾಗೇ: 90,000 ಅಂದುಕೊಂಡಿದ್ದೆವು, 1,18,000 ಆಯಿತು. ದೊಡ್ಡ ಸಾಮಾನು ಲೆಕ್ಕ ತಪ್ಪಿಸಲಿಲ್ಲ. ಸ್ಕ್ರೂ, ಆ್ಯಂಗಲ್ ಕಾಕ್, ಮರಳು, 'ಇನ್ನೊಂದೇ ಸಲ' ಎಂದು ಹಾರ್ಡ್‌ವೇರ್ ಅಂಗಡಿಗೆ ಓಡಿದ ಆಟೋ, ಇವು ತಪ್ಪಿಸಿದವು.

13. ಆ ಅಡುಗೆಮನೆಯಲ್ಲಿ ಹೆಚ್ಚು ವರ್ಷ ಕಳೆದವರನ್ನು ಕೇಳಿ

ತಾರಸಿಯ ಗೆರೆಗಳ ನಡುವೆ ನಾವು ಕುಣಿಯುತ್ತಿದ್ದಾಗ ಅತ್ತೆ ಮೆಟ್ಟಿಲೇರಿ ಬಂದು, ಸುತ್ತಲೂ ನೋಡಿ ಕೇಳಿದ್ದು ಒಂದೇ ಮಾತು. 'ನನ್ನ ತುರಿಮಣೆ ಎಲ್ಲಿ ಕೂರುತ್ತೇಮ್ಮಾ ಇದರಲ್ಲಿ?' ನಮ್ಮಿಬ್ಬರ ಎರಡೂ ಪುಟಗಳಲ್ಲಿ ತುರಿಮಣೆ ಇರಲಿಲ್ಲ. ಕಿತ್ತ ಕಡಪಾದ ಉದ್ದನೆ ತುಂಡೊಂದನ್ನು ಕಿಟಕಿಯ ಪಕ್ಕ, ನೆಲದಿಂದ ಒಂದಡಿ ಎತ್ತರಕ್ಕೆ ಜಗಲಿಯಂತೆ ಕಟ್ಟಿಸಿದೆವು. ಈಗ ಅವರು ಮಂಡಿ ಹಿಡಿದುಕೊಂಡು ಏಳಬೇಕಾಗಿಲ್ಲ. ತೆಂಗಿನಕಾಯಿ ತುರಿಯುತ್ತಾ ಅಲ್ಲಿಂದಲೇ ಒಲೆಯ ಮೇಲಿನ ಸಾರಿಗೆ ಉಪ್ಪು ಎಷ್ಟು ಎಂದು ಹೇಳುತ್ತಾರೆ.

ಇವರು ಮಾತ್ರ ಸಿಂಕಿನ ಮುಂದೆ ಇನ್ನೂ ಬಗ್ಗಿಯೇ ನಿಲ್ಲುತ್ತಾರೆ. ಮೊನ್ನೆ ಕುಕ್ಕರ್ ಉಜ್ಜುತ್ತಾ, 'ಎರಡಿಂಚು ಎತ್ತರ ಮಾಡ್ಬೇಕಿತ್ತು ಕಣೇ' ಎಂದರು.

'ನೋಡೋಣ' ಎಂದೆ. ಹತ್ತು ರೂಪಾಯಿ ಹೋಯಿತು.